ಡಿಸ್ಕ್ ತುಂಬಿ ನಿಂತ ಪೋಸ್ಟ್‌ಗ್ರೆಸ್: ಅಳಿಸುವ ಮುನ್ನ ತಿಳಿದಿರಬೇಕಾದದ್ದು

ನಾನು ಡೇಟಾಬೇಸ್ ಕೆಲಸಕ್ಕೆ ಬಂದ ಹೊಸತು. ಒಂದು ರಾತ್ರಿ, ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ಸಾಫ್ಟ್‌ವೇರ್ ಓಡುತ್ತಿದ್ದ ನಮ್ಮ ಸರ್ವರ್ ನಿಂತುಹೋಯಿತು. ಲಾಗಿನ್ ಆಗಿ ನೋಡಿದರೆ ಡಿಸ್ಕ್ ಶೇ 100 ತುಂಬಿದೆ. ಎಲ್ಲಕ್ಕಿಂತ ಹೆಚ್ಚು ಜಾಗ ಹಿಡಿದಿದ್ದು ‘ಪಿಜಿ_ಎಕ್ಸ್‌ಲಾಗ್’ ಎಂಬ ಫೋಲ್ಡರ್. ಹೆಸರಲ್ಲೇ ಲಾಗ್ ಇದೆಯಲ್ಲ, ಹಳೆಯ ಲಾಗ್ ಹೋದರೆ ಏನಾದೀತು ಎಂದುಕೊಂಡು ತಂಡದವರೊಬ್ಬರು ಅಲ್ಲಿದ್ದ ಫೈಲುಗಳನ್ನೆಲ್ಲ ಅಳಿಸಿದರು. ಜಾಗವೇನೋ ಬಂತು. ಡೇಟಾಬೇಸ್ ಮಾತ್ರ ಏಳಲಿಲ್ಲ. ಸರಿಯಾದ ಚೆಕ್‌ಪಾಯಿಂಟ್ ದಾಖಲೆ ಸಿಗುತ್ತಿಲ್ಲ ಎಂದು ಹೇಳಿ ಪ್ರತಿಸಲವೂ ನಿಂತುಬಿಡುತ್ತಿತ್ತು. ಕೊನೆಗೆ ಹಿಂದಿನ ರಾತ್ರಿಯ ಬ್ಯಾಕಪ್‌ಗೆ ಹೋದೆವು. ಆ ಇಡೀ ದಿನದ ನಮೂದುಗಳನ್ನು ಕಾಗದ ನೋಡಿಕೊಂಡು ಮತ್ತೆ ಟೈಪ್ ಮಾಡಿಸಬೇಕಾಯಿತು.

ಹೀಗೆ ಹೆಸರು ನೋಡಿ ಮೋಸಹೋದವರು ಬೇರೆ ಕಡೆಗಳಲ್ಲೂ ಬಹಳ ಮಂದಿ ಇದ್ದರು. ಅದಕ್ಕಾಗಿಯೇ 2017ರಲ್ಲಿ ಬಂದ 10ನೇ ಆವೃತ್ತಿಯಲ್ಲಿ ಆ ಫೋಲ್ಡರಿಗೆ ‘ಪಿಜಿ_ವಾಲ್’ ಎಂದು ಹೊಸ ಹೆಸರಿಟ್ಟರು. ‘ಪಿಜಿ_ಕ್ಲಾಗ್’ ಎಂಬ ಇನ್ನೊಂದು ‘ಪಿಜಿ_ಎಕ್ಸ್‌ಆ್ಯಕ್ಟ್’ ಆಯಿತು. ಹೆಸರು ಬದಲಾದರೂ ಆತುರದ ಕೈ ಬದಲಾಗುವುದಿಲ್ಲ. ಆದ್ದರಿಂದ ಈ ಟಿಪ್ಪಣಿಯಲ್ಲಿ ನಾನು ಮತ್ತೆ ಮತ್ತೆ ಹೇಳುವುದು ಒಂದೇ ಮಾತು: ಡೇಟಾಬೇಸಿನ ಫೋಲ್ಡರಿನೊಳಗಿನ ಯಾವ ಫೈಲನ್ನೂ ನೀವು ಅಳಿಸಬೇಡಿ. ಹೊರಗೆ ಸ್ವಲ್ಪ ಜಾಗ ಮಾಡಿಕೊಡಿ, ಒಳಗಿನದನ್ನು ಡೇಟಾಬೇಸೇ ಅಳಿಸಿಕೊಳ್ಳಲಿ.

(ಕಮಾಂಡುಗಳನ್ನು ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣಕ್ಷರಗಳಲ್ಲಿ ಮಾಡಿ.)

ಕಿರ್ದಿ ಮತ್ತು ಖಾತೆ

ಹಳೆಯ ಅಂಗಡಿಗಳ ಲೆಕ್ಕ ನೋಡಿದ್ದರೆ ಪೋಸ್ಟ್‌ಗ್ರೆಸ್ ಅರ್ಧ ಅರ್ಥವಾದಂತೆ. ವ್ಯಾಪಾರ ನಡೆದ ಕೂಡಲೇ ಅದು ಕಿರ್ದಿಯಲ್ಲಿ, ನಡೆದ ಕ್ರಮದಲ್ಲೇ, ಒಂದರ ಕೆಳಗೊಂದು ಬೀಳುತ್ತದೆ. ಬಿಡುವಾದಾಗ ಕಿರ್ದಿ ನೋಡಿಕೊಂಡು ಆಯಾ ಗಿರಾಕಿಯ ಖಾತೆಗೆ ಏರಿಸುತ್ತಾರೆ. ನಡುವೆ ದೀಪ ಹೋದರೂ ಚಿಂತೆಯಿಲ್ಲ. ಕಿರ್ದಿ ಇದ್ದರೆ ಖಾತೆಯನ್ನು ಮತ್ತೆ ಬರೆಯಬಹುದು.

ಪೋಸ್ಟ್‌ಗ್ರೆಸ್‌ನಲ್ಲಿ ವಾಲ್ (ರೈಟ್-ಅಹೆಡ್ ಲಾಗ್, ಅಂದರೆ ಮೊದಲೇ ಬರೆದಿಡುವ ದಾಖಲೆ) ಎಂದರೆ ಈ ಕಿರ್ದಿ. ಪಿಜಿ_ವಾಲ್ ಫೋಲ್ಡರಿನಲ್ಲಿರುವುದು ಅದೇ. ಅದರ ಒಂದೊಂದು ಫೈಲೂ ಸಾಮಾನ್ಯವಾಗಿ 16 ಎಂಬಿ, ಹೆಸರು 24 ಅಕ್ಷರ ಉದ್ದ. ಟೇಬಲ್‌ಗಳು ಮತ್ತು ಇಂಡೆಕ್ಸ್‌ಗಳು ಖಾತೆ. ಅವು ‘ಬೇಸ್’ ಫೋಲ್ಡರಿನಲ್ಲಿರುತ್ತವೆ. ಕಿರ್ದಿಯಲ್ಲಿರುವುದನ್ನು ಖಾತೆಗೆ ಏರಿಸಿ ‘ಇಲ್ಲಿವರೆಗೆ ಮುಗಿಯಿತು’ ಎಂದು ಗೆರೆ ಎಳೆಯುವುದೇ ಚೆಕ್‌ಪಾಯಿಂಟ್. ಏನೂ ಬದಲಿಸದಿದ್ದರೆ ಐದು ನಿಮಿಷಕ್ಕೊಮ್ಮೆಯಾದರೂ ಅದರ ಸರದಿ ಬರುತ್ತದೆ. ಗೆರೆಯ ಹಿಂದಿನ ಹಾಳೆಗಳು ಬೇರೆ ಯಾರಿಗೂ ಬೇಡವಾದರೆ ಪೋಸ್ಟ್‌ಗ್ರೆಸ್ ತಾನೇ ತೆಗೆಯುತ್ತದೆ, ಇಲ್ಲವೇ ಹೊಸ ಹೆಸರು ಕೊಟ್ಟು ಮತ್ತೆ ಬಳಸುತ್ತದೆ.

ಖಾತೆಗೆ ಜಾಗ ಸಾಲದಿದ್ದರೆ ಆ ಒಂದು ಕೆಲಸ ಮಾತ್ರ ಕೆಡುತ್ತದೆ. ಫೈಲ್ ವಿಸ್ತರಿಸಲಾಗಲಿಲ್ಲ ಎಂಬ ‘ಎರರ್’ ಬರುತ್ತದೆ, ಆ ವ್ಯವಹಾರ ಹಿಂದಕ್ಕೆ ಹೋಗುತ್ತದೆ. ಸರ್ವರ್ ನಡೆಯುತ್ತಲೇ ಇರುತ್ತದೆ, ಓದುವ ಕ್ವೆರಿಗಳು ಬಹುತೇಕ ಸಲೀಸಾಗಿ ಓಡುತ್ತವೆ. ಕಿರ್ದಿಗೇ ಜಾಗವಿಲ್ಲದಿದ್ದರೆ ಹಾಗಲ್ಲ. ಬರೆದಿಡದೆ ವ್ಯಾಪಾರ ಮಾಡುವುದಿಲ್ಲ ಎಂಬುದು ಅದರ ವ್ರತ. ಆಗ ‘ಪ್ಯಾನಿಕ್’ ಎಂದು ಬರೆದು ಬೀಳುತ್ತದೆ. ಮತ್ತೆ ಏಳಬೇಕಾದರೂ ಕಿರ್ದಿಯಲ್ಲಿ ನಾಲ್ಕು ಸಾಲು ಬರೆಯಬೇಕು, ಅದಕ್ಕೂ ಜಾಗವಿಲ್ಲ, ಮತ್ತೆ ಬೀಳುತ್ತದೆ. ಲಾಗಿನಲ್ಲಿ ಎರರ್ ಇದೆಯೋ ಪ್ಯಾನಿಕ್ ಇದೆಯೋ ಎಂದು ಮೊದಲು ನೋಡಬೇಕು. ಮುಂದಿನ ದಾರಿ ಅದರ ಮೇಲೆ ನಿಂತಿದೆ.

ಮೊದಲ ಹತ್ತು ನಿಮಿಷ

ಎರರ್ ಮಾತ್ರ ಬರುತ್ತಿದ್ದು ಸರ್ವರ್ ಎದ್ದಿದ್ದರೆ ದಯವಿಟ್ಟು ರೀಸ್ಟಾರ್ಟ್ ಮಾಡಬೇಡಿ. ಎದ್ದಿರುವ ಸರ್ವರ್‌ನಿಂದ ಏನು ಬೇಕಾದರೂ ಕೇಳಿ ತಿಳಿಯಬಹುದು. ಬಿದ್ದದ್ದು ಏಳಲು ಜಾಗ ಕೇಳುತ್ತದೆ.

‘ಡಿಎಫ್ -ಎಚ್’ ಯಾವ ಡಿಸ್ಕ್ ತುಂಬಿದೆ ಎಂದು ಹೇಳುತ್ತದೆ. ಅದರ ಜೊತೆಗೇ ‘ಡಿಎಫ್ -ಐ’ ಕೂಡ ನೋಡಿ. ಕೆಲವೊಮ್ಮೆ ಜಾಗ ಇರುತ್ತದೆ, ಐನೋಡ್‌ಗಳು (ಒಂದೊಂದು ಫೈಲಿಗೂ ಡಿಸ್ಕ್ ಇಡುವ ನಮೂದು) ಮುಗಿದಿರುತ್ತವೆ; ಎರಡಕ್ಕೂ ಬರುವ ದೂರು ಒಂದೇ, ಡಿವೈಸ್‌ನಲ್ಲಿ ಜಾಗವಿಲ್ಲ ಎಂದು. ಆಮೇಲೆ ‘ಡಿಯು’ ಓಡಿಸಿ ಯಾವ ಫೋಲ್ಡರ್ ಎಷ್ಟು ಹಿಡಿದಿದೆ ಎಂದು ನೋಡಿ. ಡಿಎಫ್ ಒಂದು ಲೆಕ್ಕ, ಡಿಯು ಇನ್ನೊಂದು ಲೆಕ್ಕ ಹೇಳಿ ನಡುವೆ ಹತ್ತಾರು ಜಿಬಿ ಅಂತರ ಬಂದರೆ, ಅಳಿಸಿದ ಫೈಲನ್ನು ಯಾವುದೋ ಪ್ರಾಸೆಸ್ ಇನ್ನೂ ತೆರೆದಿಟ್ಟುಕೊಂಡಿದೆ ಎಂಬ ಅನುಮಾನ ಮೊದಲು ಬರಬೇಕು. ‘ಎಲ್‌ಎಸ್‌ಒಎಫ್ +ಎಲ್1’ ಅಂಥವನ್ನು ತೋರಿಸುತ್ತದೆ (ಇಲ್ಲಿ + ಆದ ಮೇಲಿನ ಎಲ್ ಮಾತ್ರ ದೊಡ್ಡಕ್ಷರ). ಸಂದೇಶಗಳನ್ನು ಬರೆದಿಡುವ ಮಾಮೂಲಿ ಲಾಗ್ ಫೈಲು ಬೆಳೆದು ನಿಂತಿದ್ದರೆ ಅದನ್ನು ಅಳಿಸುವುದಕ್ಕಿಂತ ‘ಟ್ರಂಕೇಟ್ -ಎಸ್ 0’ ಕೊಟ್ಟು ಖಾಲಿ ಮಾಡುವುದು ಒಳ್ಳೆಯದು. ಫೈಲ್ ಉಳಿಯುತ್ತದೆ, ಜಾಗ ಆ ಕ್ಷಣವೇ ಬರುತ್ತದೆ. ಖಾಲಿ ಮಾಡುವ ಮೊದಲು ಕೊನೆಯ ಕೆಲವು ನೂರು ಸಾಲುಗಳನ್ನು ಬೇರೆಡೆ ಉಳಿಸಿಕೊಳ್ಳಿ, ಕಾರಣ ಹುಡುಕಲು ಅವು ಬೇಕು.

ಉಸಿರಾಡುವಷ್ಟು ಜಾಗ

ಈಗ ಬೇಕಿರುವುದು ನೂರಾರು ಜಿಬಿ ಅಲ್ಲ, ಒಂದೆರಡು ಜಿಬಿ ಸಾಕು. ಡೇಟಾ ಫೋಲ್ಡರಿನ ಹೊರಗೆ ಹುಡುಕಿ: ಯಾರೋ ಮರೆತುಬಿಟ್ಟ ಡಂಪ್ ಫೈಲು, ಪ್ಯಾಕೇಜ್‌ಗಳ ಕ್ಯಾಶ್, ಸಿಸ್ಟಂ ಜರ್ನಲ್. ಕ್ಲೌಡ್‌ನಲ್ಲಿದ್ದರೆ ಅಥವಾ ಎಲ್‌ವಿಎಂ (ಡಿಸ್ಕ್ ಜಾಗವನ್ನು ಬೇಕಾದಂತೆ ಹಿಗ್ಗಿಸಲು ಬಿಡುವ ಲಿನಕ್ಸ್ ವ್ಯವಸ್ಥೆ) ಇದ್ದರೆ ಡಿಸ್ಕ್ ದೊಡ್ಡದು ಮಾಡುವುದೇ ಎಲ್ಲಕ್ಕಿಂತ ಸುರಕ್ಷಿತ. ಡಿಸ್ಕ್ ಹಿಗ್ಗಿಸಿದ ಮೇಲೆ ಫೈಲ್‌ಸಿಸ್ಟಂ ಹಿಗ್ಗಿಸಲು ಮರೆಯಬೇಡಿ. ಎಕ್ಸ್ಟ್4ಗೆ ‘ರೀಸೈಜ್2ಎಫ್‌ಎಸ್’, ಎಕ್ಸ್‌ಎಫ್‌ಎಸ್‌ಗೆ ‘ಎಕ್ಸ್‌ಎಫ್‌ಎಸ್_ಗ್ರೋಎಫ್‌ಎಸ್’. ಎರಡೂ ಸರ್ವರ್ ನಡೆಯುತ್ತಿರುವಾಗಲೇ ಆಗುತ್ತವೆ.

ಡಿಸ್ಕ್ ಹಿಗ್ಗಿಸಲು ಆಗದವರಿಗೆ ಎಕ್ಸ್ಟ್4ನಲ್ಲಿ ಒಂದು ಆಪತ್ಕಾಲದ ಗಂಟು ಇದೆ. ಫೈಲ್‌ಸಿಸ್ಟಂ ಮಾಡುವಾಗ ಏನೂ ಹೇಳದಿದ್ದರೆ ಅದು ಶೇ 5ರಷ್ಟು ಜಾಗವನ್ನು ರೂಟ್ ಬಳಕೆದಾರನಿಗೆಂದು ಮೀಸಲಿಡುತ್ತದೆ. ಪೋಸ್ಟ್‌ಗ್ರೆಸ್ ರೂಟ್ ಆಗಿ ಓಡುವುದಿಲ್ಲವಾದ್ದರಿಂದ ಅದಕ್ಕೆ ಆ ಜಾಗ ಸಿಗದು. 500 ಜಿಬಿ ಡಿಸ್ಕ್ ಆದರೆ ಮೀಸಲು 25 ಜಿಬಿ! ‘ಟ್ಯೂನ್2ಎಫ್‌ಎಸ್ -ಎಂ 1’ ಕೊಟ್ಟು ಮೀಸಲನ್ನು ಶೇ 1ಕ್ಕೆ ಇಳಿಸಿದರೆ 20 ಜಿಬಿ ಕೂಡಲೇ ಕೈಗೆ ಬರುತ್ತದೆ. ಬರೀ ಡೇಟಾಬೇಸಿಗೆಂದೇ ಇರುವ ಡಿಸ್ಕಿನಲ್ಲಿ ಇದರಿಂದ ತೊಂದರೆಯಿಲ್ಲ.

ಬೇರೊಂದು ಡಿಸ್ಕಿನಲ್ಲಿ ಜಾಗವಿದ್ದರೆ, ಸರ್ವರ್ ನಿಲ್ಲಿಸಿ, ಪಿಜಿ_ವಾಲ್ ಫೋಲ್ಡರನ್ನು ಇಡಿಯಾಗಿ ಅಲ್ಲಿಗೆ ಸಾಗಿಸಿ, ಹಳೆಯ ಜಾಗದಲ್ಲಿ ಅದೇ ಹೆಸರಿನ ಸಿಮ್‌ಲಿಂಕ್ (ಹೊಸ ಜಾಗವನ್ನು ತೋರಿಸುವ ಕೊಂಡಿ) ಇಟ್ಟು ಮತ್ತೆ ಎಬ್ಬಿಸಬಹುದು. ಪೂರ್ತಿ ಕಾಪಿಯಾಗಿದೆ ಎಂದು ಖಚಿತವಾಗುವವರೆಗೆ ಹಳೆಯದನ್ನು ಇಟ್ಟುಕೊಳ್ಳಿ, ಹೊಸ ಫೋಲ್ಡರಿನ ಒಡೆತನ ಪೋಸ್ಟ್‌ಗ್ರೆಸ್ ಬಳಕೆದಾರನದೇ ಎಂದು ನೋಡಿಕೊಳ್ಳಿ. ‘ಪಿಜಿ_ರೀಸೆಟ್‌ವಾಲ್’ ಎಂಬ ಸಾಧನದ ಹೆಸರು ಹುಡುಕಾಟದಲ್ಲಿ ಕಾಣಿಸುತ್ತದೆ. ಅದು ಕಿರ್ದಿಯನ್ನು ಹರಿದು ಬಿಸಾಡಿ ಹೊಸ ಪುಸ್ತಕ ತೆರೆಯುವ ಕೆಲಸ. ಬೇರೆಲ್ಲ ದಾರಿ ಮುಚ್ಚಿದಾಗ ಬಳಸುವಂಥದ್ದು, ಜಾಗಕ್ಕಾಗಿ ಅದನ್ನು ಮುಟ್ಟಲೇಬಾರದು.

ಕಿರ್ದಿ ಯಾಕೆ ಹೋಗುತ್ತಿಲ್ಲ?

ಇಡೀ ಟಿಪ್ಪಣಿಯಲ್ಲಿ ನಿಧಾನವಾಗಿ ಓದಬೇಕಾದ ಭಾಗ ಇದು. ‘ಮ್ಯಾಕ್ಸ್_ವಾಲ್_ಸೈಜ್’ 1 ಜಿಬಿ ಎಂದಿದೆ, ಪಿಜಿ_ವಾಲ್ 200 ಜಿಬಿ ಆಗಿದೆ, ಇದು ಹೇಗೆ ಎಂದು ಕೇಳುವವರಿದ್ದಾರೆ. ಆ ಸಂಖ್ಯೆ ಕಟ್ಟುನಿಟ್ಟಿನ ಮಿತಿಯಲ್ಲ. ಚೆಕ್‌ಪಾಯಿಂಟ್ ಎಷ್ಟಕ್ಕೆ ಮಾಡಬೇಕು ಎಂಬ ಅಂದಾಜು ಅಷ್ಟೇ. ಹಾಳೆ ಯಾರಿಗಾದರೂ ಬೇಕಾಗಿದೆ ಎಂದಾದರೆ ಪೋಸ್ಟ್‌ಗ್ರೆಸ್ ಆ ಮಿತಿ ದಾಟಿಯೂ ಇಟ್ಟುಕೊಳ್ಳುತ್ತದೆ. ಹಾಗಾಗಿ ಯಾರಿಗಾಗಿ ಇಟ್ಟುಕೊಂಡಿದೆ ಎಂದು ಕೇಳಬೇಕು.

ನಾನು ಕಂಡಂತೆ ಹೆಚ್ಚಿನ ಸಲ ಉತ್ತರ ರೆಪ್ಲಿಕೇಶನ್ ಸ್ಲಾಟ್. ‘ಈ ಓದುಗ ನೋಡುವವರೆಗೆ ಹಾಳೆ ತೆಗೆಯಬೇಡ’ ಎಂದು ಪೋಸ್ಟ್‌ಗ್ರೆಸ್‌ನಿಂದ ಪಡೆದ ಮಾತು ಅದು. ಓದುಗ ಎಂದರೆ ನಕಲು ಸರ್ವರ್ ಇರಬಹುದು, ಬದಲಾವಣೆಗಳನ್ನು ಬೇರೆಡೆ ಸಾಗಿಸುವ ಸಾಫ್ಟ್‌ವೇರ್ ಇರಬಹುದು. ಆರು ತಿಂಗಳ ಹಿಂದೆ ಯಾರೋ ಪ್ರಯೋಗಕ್ಕೆಂದು ನಕಲು ಸರ್ವರ್ ಕಟ್ಟಿ, ಆಮೇಲೆ ಆ ಯಂತ್ರವನ್ನು ತೆಗೆದುಹಾಕಿ, ಸ್ಲಾಟ್ ಮಾತ್ರ ಬಿಟ್ಟು ಹೋಗಿರುತ್ತಾರೆ. ಪೋಸ್ಟ್‌ಗ್ರೆಸ್ ಮಾತಿಗೆ ತಪ್ಪುವುದಿಲ್ಲ. ಬಾರದವನಿಗಾಗಿ ಒಂದೊಂದು ಹಾಳೆಯನ್ನೂ ಎತ್ತಿಡುತ್ತಾ ಹೋಗುತ್ತದೆ. ‘ಪಿಜಿ_ರೆಪ್ಲಿಕೇಶನ್_ಸ್ಲಾಟ್ಸ್’ ನೋಡಿ. ‘ಆ್ಯಕ್ಟಿವ್’ ಎಂಬಲ್ಲಿ ಎಫ್ (ಅಂದರೆ ‘ಇಲ್ಲ’) ಇದ್ದು, ಯಾವ ಜಾಗದಿಂದ ಹಾಳೆ ಇಟ್ಟುಕೊಳ್ಳಬೇಕು ಎಂದು ಹೇಳುವ ‘ರೀಸ್ಟಾರ್ಟ್_ಎಲ್‌ಎಸ್‌ಎನ್’ ಬಹಳ ಹಿಂದೆ ಉಳಿದಿದ್ದರೆ ಹಿಡಿದಿಟ್ಟವನು ಸಿಕ್ಕ ಹಾಗೆ. ಅವನು ಇನ್ನು ಬರುವುದಿಲ್ಲ ಎಂದು ಸಂಬಂಧಪಟ್ಟವರನ್ನು ಕೇಳಿ ಖಚಿತ ಮಾಡಿಕೊಂಡ ಮೇಲೆ ‘ಪಿಜಿ_ಡ್ರಾಪ್_ರೆಪ್ಲಿಕೇಶನ್_ಸ್ಲಾಟ್’. ನಂತರ ‘ಚೆಕ್‌ಪಾಯಿಂಟ್’ ಎಂದು ಕೈಯಾರೆ ಕೊಟ್ಟರೆ ನಿಮ್ಮ ಕಣ್ಣೆದುರೇ ಫೋಲ್ಡರ್ ಇಳಿಯುತ್ತದೆ. ಓದುಗ ಇನ್ನೂ ಬದುಕಿದ್ದರೆ, ಸ್ಲಾಟ್ ತೆಗೆದ ಮೇಲೆ ಅವನನ್ನು ಮೊದಲಿಂದ ಕಟ್ಟಬೇಕಾಗಬಹುದು ಎಂಬುದು ತಿಳಿದಿರಲಿ.

ಇನ್ನೊಂದು ಉತ್ತರ ಆರ್ಕೈವ್. ಪ್ರತಿ ವಾಲ್ ಫೈಲನ್ನೂ ಬೇರೆಡೆಗೆ ಕಾಪಿ ಮಾಡಲು ‘ಆರ್ಕೈವ್_ಕಮಾಂಡ್’ ಹಾಕಿರುತ್ತೇವೆ. ಕಾಪಿ ಯಶಸ್ವಿಯಾಗುವವರೆಗೆ ಫೈಲ್ ಅಲುಗಾಡದು. ಆ ಬೇರೆಡೆಯ ಡಿಸ್ಕೇ ತುಂಬಿದ್ದರೆ, ಪಾಸ್‌ವರ್ಡ್ ಬದಲಾಗಿದ್ದರೆ, ಕಾಪಿ ಸೋಲುತ್ತಲೇ ಇರುತ್ತದೆ. ‘ಪಿಜಿ_ಸ್ಟ್ಯಾಟ್_ಆರ್ಕೈವರ್’ನಲ್ಲಿ ‘ಫೇಲ್ಡ್_ಕೌಂಟ್’ ಏರುತ್ತಿರುವುದು ಕಾಣುತ್ತದೆ. ಅಲ್ಲಿನ ತೊಂದರೆ ಸರಿಪಡಿಸಿದರೆ ಇಲ್ಲಿನ ರಾಶಿ ತಾನಾಗಿ ಕರಗುತ್ತದೆ. ಕಮಾಂಡಿನ ಜಾಗದಲ್ಲಿ ‘/ಬಿನ್/ಟ್ರೂ’ ಹಾಕಿ ಎಂಬ ಸಲಹೆಯೂ ಓಡಾಡುತ್ತದೆ. ಅದು ಕಾಪಿ ಮಾಡದೆಯೇ ‘ಮಾಡಿದೆ’ ಎನ್ನುವ ಉತ್ತರ. ಜಾಗ ಬರುತ್ತದೆ, ಆದರೆ ಬ್ಯಾಕಪ್ ಸರಪಳಿ ಅಲ್ಲಿಗೆ ತುಂಡಾಗುತ್ತದೆ. ಬೇರೆ ಗತಿಯಿಲ್ಲದೆ ಮಾಡಿದರೆ, ಸರಿಯಾದ ಕಮಾಂಡನ್ನು ಮರಳಿ ಹಾಕಿದ ಕೂಡಲೇ ಹೊಸ ಪೂರ್ತಿ ಬ್ಯಾಕಪ್ ತೆಗೆಯಲೇಬೇಕು.

ಖಾತೆಯೇ ತುಂಬಿದ್ದರೆ

ಇಲ್ಲಿ ಕಲಿಯುವವರು ಸಾಮಾನ್ಯವಾಗಿ ಎಡವುವುದು ‘ಡಿಲೀಟ್’ನಲ್ಲಿ. ಹಳೆಯ ಸಾಲುಗಳನ್ನು ಅಳಿಸಿದರೆ ಜಾಗ ಬರಬೇಕಲ್ಲ? ಪೋಸ್ಟ್‌ಗ್ರೆಸ್‌ನಲ್ಲಿ ಡಿಲೀಟ್ ಎಂದರೆ ಸಾಲಿನ ಮೇಲೆ ‘ಇದು ಸತ್ತಿದೆ’ ಎಂಬ ಗುರುತು. ಅದನ್ನು ಇನ್ನೂ ಓದುತ್ತಿರುವ ಹಳೆಯ ವ್ಯವಹಾರಗಳಿಗೆ ಸಾಲು ಕಾಣುತ್ತಿರಬೇಕು. ಜೊತೆಗೆ ಆ ಗುರುತು ಹಾಕಿದ್ದು ಕಿರ್ದಿಗೂ ಬೀಳುತ್ತದೆ. ಅಂದರೆ ತುಂಬಿದ ಡಿಸ್ಕಿನಲ್ಲಿ ಕೋಟಿ ಸಾಲು ಡಿಲೀಟ್ ಮಾಡಲು ಹೊರಟರೆ ಜಾಗ ಇನ್ನಷ್ಟು ಕರಗುತ್ತದೆ.

‘ವ್ಯಾಕ್ಯೂಮ್’ ಸತ್ತ ಸಾಲುಗಳ ಜಾಗವನ್ನು ಅದೇ ಟೇಬಲ್‌ನ ಮುಂದಿನ ಸಾಲುಗಳಿಗೆ ಬಿಟ್ಟುಕೊಡುತ್ತದೆ. ಫೈಲಿನ ಕೊನೆಯಲ್ಲಿ ಪೂರ್ತಿ ಖಾಲಿಯಾದ ಪುಟಗಳಿದ್ದರೆ ಮಾತ್ರ ಅಷ್ಟನ್ನು ಡಿಸ್ಕಿಗೆ ಮರಳಿಸುತ್ತದೆ. ‘ವ್ಯಾಕ್ಯೂಮ್ ಫುಲ್’ ಟೇಬಲನ್ನು ಹೊಸದಾಗಿ ಬರೆದು ಹಳೆಯದನ್ನು ಬಿಡುತ್ತದೆ. ಜಾಗ ನಿಜವಾಗಿ ಬರುತ್ತದೆ, ಆದರೆ ಕೊನೆಯಲ್ಲಿ. ಉದಾಹರಣೆಗೆ 40 ಜಿಬಿ ಟೇಬಲ್‌ನಲ್ಲಿ 30 ಜಿಬಿ ಸತ್ತದ್ದು ಎನ್ನಿ. ಹೊಸ ನಕಲಿಗೆ ಸುಮಾರು 10 ಜಿಬಿ, ಇಂಡೆಕ್ಸ್‌ಗಳಿಗೆ ಮತ್ತಷ್ಟು, ಮಾಮೂಲಿ ಸೆಟ್ಟಿಂಗ್‌ನಲ್ಲಿ ಇದೆಲ್ಲ ವಾಲ್‌ಗೂ ಹೋಗುವುದರಿಂದ ಅದೇ ಡಿಸ್ಕಿನಲ್ಲಿ ಇನ್ನೊಂದು ಅಷ್ಟು. ಅಲ್ಲಿವರೆಗೆ ಆ ಟೇಬಲ್‌ಗೆ ಬೀಗ; ಓದಲೂ ಆಗದು.

ಹಾಗಾದರೆ ಕೂಡಲೇ ಜಾಗ ಕೊಡುವುದು ಯಾವುದು? ಬೇಡವಾದ ಟೇಬಲ್ ಅಥವಾ ಟೇಬಲಿನ ಹಳೆಯ ಪಾರ್ಟಿಷನ್ (ಭಾಗ) ಇದ್ದರೆ ‘ಡ್ರಾಪ್’ ಇಲ್ಲವೇ ‘ಟ್ರಂಕೇಟ್’ (ಇದು ಡೇಟಾಬೇಸಿನೊಳಗೆ ಕೊಡುವ ಕಮಾಂಡ್, ಮೇಲೆ ಹೇಳಿದ ಫೈಲಿನ ಟ್ರಂಕೇಟ್ ಅಲ್ಲ). ಯಾರೂ ಬಳಸದ ಇಂಡೆಕ್ಸ್‌ಗಳು ಇನ್ನೂ ಒಳ್ಳೆಯ ಗುರಿ, ಏಕೆಂದರೆ ಅವನ್ನು ಟೇಬಲಿನಿಂದ ಮತ್ತೆ ಕಟ್ಟಬಹುದು. ‘ಪಿಜಿ_ಸ್ಟ್ಯಾಟ್_ಯೂಸರ್_ಇಂಡೆಕ್ಸಸ್’ನಲ್ಲಿ ಸ್ಕ್ಯಾನ್ ಸಂಖ್ಯೆ ಸೊನ್ನೆ ಇರುವವನ್ನು ಹುಡುಕಿ. ಆದರೆ ಪ್ರೈಮರಿ ಕೀ, ಯೂನಿಕ್ ಇಂಡೆಕ್ಸ್‌ಗಳನ್ನು ಮುಟ್ಟಬೇಡಿ. ನಕಲು ಸರ್ವರ್‌ನಲ್ಲಿ ಅದೇ ಇಂಡೆಕ್ಸ್ ಬಳಕೆಯಾಗುತ್ತಿದೆಯೇ ಎಂದೂ ನೋಡಿ, ಎರಡೂ ಕಡೆಯ ಲೆಕ್ಕ ಬೇರೆಬೇರೆ.

ದೊಡ್ಡ ಸಾರ್ಟ್ ಮಾಡುವ ಕೆಟ್ಟ ಕ್ವೆರಿಯೊಂದು ತಾತ್ಕಾಲಿಕ ಫೈಲುಗಳಿಂದಲೇ ಡಿಸ್ಕ್ ತುಂಬಿಸುವುದೂ ಉಂಟು. ‘ಪಿಜಿಎಸ್‌ಕ್ಯೂಎಲ್_ಟಿಎಂಪಿ’ ಫೋಲ್ಡರ್ ದೊಡ್ಡದಿದ್ದರೆ ಆ ಕ್ವೆರಿಯನ್ನು ನಿಲ್ಲಿಸಿ, ಫೈಲುಗಳು ತಾವೇ ಹೋಗುತ್ತವೆ. ಮುಂದಕ್ಕೆ ‘ಟೆಂಪ್_ಫೈಲ್_ಲಿಮಿಟ್’ ಹಾಕಿಡಿ. ಸ್ಲಾಟ್‌ಗಳಿಗೂ 2020ರಲ್ಲಿ ಬಂದ 13ನೇ ಆವೃತ್ತಿಯಿಂದ ‘ಮ್ಯಾಕ್ಸ್_ಸ್ಲಾಟ್_ವಾಲ್_ಕೀಪ್_ಸೈಜ್’ ಎಂಬ ಮಿತಿ ಇದೆ. ಏನೂ ಬದಲಿಸದಿದ್ದರೆ ಅದರ ಮೌಲ್ಯ -1, ಅಂದರೆ ಮಿತಿಯೇ ಇಲ್ಲ. ಇದನ್ನು ಹಾಗೇ ಬಿಟ್ಟಿರುವ ಸರ್ವರ್‌ಗಳನ್ನು ಕಂಡಾಗ ನನಗೆ ಕಳವಳವಾಗುತ್ತದೆ. ಮಿತಿ ಹಾಕಿದರೆ ಹಿಂದುಳಿದ ನಕಲು ಸರ್ವರ್ ಕೈತಪ್ಪಬಹುದು, ಆದರೆ ಮುಖ್ಯ ಸರ್ವರ್ ಉಳಿಯುತ್ತದೆ. ಇವೆರಡರಲ್ಲಿ ಆಯ್ಕೆ ನನಗೆ ಕಷ್ಟವಲ್ಲ.

(ಮೈಎಸ್‌ಕ್ಯೂಎಲ್ ಎಂಬ ಇನ್ನೊಂದು ಡೇಟಾಬೇಸ್ ಕಲಿಯುತ್ತಿರುವವರಿಗೆ: ಡಿಸ್ಕ್ ತುಂಬಿದಾಗ ಅದು ಬೀಳುವ ಬದಲು ಕಾಯುತ್ತದೆ, ನಿಮಿಷಕ್ಕೊಮ್ಮೆ ಜಾಗ ಬಂತೇ ಎಂದು ನೋಡುತ್ತದೆ. ಅಲ್ಲಿ ಹೆಚ್ಚಾಗಿ ತುಂಬುವುದು ಬದಲಾವಣೆಗಳನ್ನು ಬರೆದಿಡುವ ಬೈನರಿ ಲಾಗ್; 8.0ರಲ್ಲಿ ಅದನ್ನು 30 ದಿನ ಇಟ್ಟುಕೊಳ್ಳುವುದು ಮೂಲ ಸೆಟ್ಟಿಂಗ್. ಅದನ್ನೂ ಕೈಯಿಂದ ಅಳಿಸದೆ ‘ಪರ್ಜ್ ಬೈನರಿ ಲಾಗ್ಸ್’ ಎಂದೇ ಕೇಳಿ.)

ಮಾಡಿ ನೋಡಲು

ಓದಿದ್ದು ನೆನಪಿನಲ್ಲಿ ಉಳಿಯಬೇಕಾದರೆ ಒಮ್ಮೆ ನೀವೇ ತುಂಬಿಸಿ, ನೀವೇ ಎಬ್ಬಿಸಿ. ನಿಮ್ಮ ಸ್ವಂತ ಯಂತ್ರದಲ್ಲಿ 2 ಜಿಬಿಯ ಒಂದು ಫೈಲ್ ಮಾಡಿ, ಅದಕ್ಕೆ ಎಕ್ಸ್ಟ್4 ಹಾಕಿ, ಲೂಪ್ ಡಿಸ್ಕ್ (ಫೈಲನ್ನೇ ಡಿಸ್ಕಿನಂತೆ ಬಳಸುವುದು) ಆಗಿ ಮೌಂಟ್ ಮಾಡಿ. ಅದರೊಳಗೆ ಒಂದು ಉಪಫೋಲ್ಡರ್ ಮಾಡಿ ಅಲ್ಲಿ ಹೊಸ ಡೇಟಾ ಫೋಲ್ಡರ್ ಕಟ್ಟುವ ‘ಇನಿಟ್‌ಡಿಬಿ’ ಕೊಡಿ. ಮೌಂಟ್ ಆದ ಜಾಗದಲ್ಲೇ ಕೊಟ್ಟರೆ ‘ಲಾಸ್ಟ್+ಫೌಂಡ್’ ಫೋಲ್ಡರ್ ಇದೆ ಎಂದು ಅದು ಒಪ್ಪುವುದಿಲ್ಲ. 200 ಎಂಬಿಯ ಒಂದು ಖಾಲಿ ಫೈಲನ್ನು ‘ಎಫ್‌ಅಲೊಕೇಟ್’ನಿಂದ ಅದೇ ಡಿಸ್ಕಿನಲ್ಲಿ ಇಟ್ಟುಕೊಳ್ಳಿ. ನಿಜವಾದ ಸರ್ವರ್‌ಗಳಲ್ಲೂ ನಾನು ಇಂಥದ್ದೊಂದನ್ನು ಇಡುತ್ತೇನೆ. ಆಪತ್ತಿನಲ್ಲಿ ಧೈರ್ಯವಾಗಿ ಅಳಿಸಬಹುದಾದ ಫೈಲು ಅದೊಂದೇ.

ಮ್ಯಾಕ್ಸ್_ವಾಲ್_ಸೈಜ್ 128 ಎಂಬಿ ಮಾಡಿ. ‘ಪಿಜಿ_ಕ್ರಿಯೇಟ್_ಫಿಸಿಕಲ್_ರೆಪ್ಲಿಕೇಶನ್_ಸ್ಲಾಟ್’ಗೆ ಒಂದು ಹೆಸರು ಕೊಟ್ಟು, ಎರಡನೆಯದಾಗಿ ‘ಟ್ರೂ’ ಎಂದು ಕೊಡಿ. ಆಗ ಆ ಕ್ಷಣದಿಂದಲೇ ಹಾಳೆಗಳು ಹಿಡಿದಿಡಲ್ಪಡುತ್ತವೆ. ಈಗ ಪೋಸ್ಟ್‌ಗ್ರೆಸ್‌ನ ಪರೀಕ್ಷಾ ಸಾಧನವಾದ ‘ಪಿಜಿಬೆಂಚ್’ನಿಂದ ಸ್ಕೇಲ್ 20 ಇಟ್ಟು ಡೇಟಾ ತುಂಬಿಸಿ. ಅದು 20 ಲಕ್ಷ ಸಾಲು. ನಂತರ ಪಿಜಿಬೆಂಚನ್ನೇ ಓಡಲು ಬಿಟ್ಟು, ಇನ್ನೊಂದು ಕಿಟಕಿಯಲ್ಲಿ ಪಿಜಿ_ವಾಲ್ ಗಾತ್ರ ನೋಡುತ್ತಾ ಕೂರಿ. 128 ದಾಟುತ್ತದೆ, 500 ದಾಟುತ್ತದೆ, ಪ್ಯಾನಿಕ್ ಬರುತ್ತದೆ. ಎಬ್ಬಿಸಲು ನೋಡಿ, ಏಳುವುದಿಲ್ಲ. ಇಟ್ಟುಕೊಂಡ 200 ಎಂಬಿ ಫೈಲನ್ನು ಅಳಿಸಿ ಮತ್ತೆ ಎಬ್ಬಿಸಿ. ಎದ್ದ ಕೂಡಲೇ ಸ್ಲಾಟ್ ತೆಗೆದು ಚೆಕ್‌ಪಾಯಿಂಟ್ ಕೊಟ್ಟು, ಡಿಯು ಮತ್ತೊಮ್ಮೆ ಓಡಿಸಿ, ಪಿಜಿ_ವಾಲ್ ಎಷ್ಟಕ್ಕೆ ಇಳಿಯಿತು ಎಂದು ಬರೆದಿಟ್ಟುಕೊಳ್ಳಿ.