ಮಕ್ಕಳೇ ಮಕ್ಕಳಿಗೆ ಹೇಳುವ ರಸ್ತೆ ಪಾಠ

ಮುಂಬೈಯ ಕನ್ನಡ ಮಾಧ್ಯಮದ ಶಾಲೆಗಳಿಗೆ ಪಾಠ ಮಾಡುವ ಅಭ್ಯಾಸಕ್ಕೆ ಹೋಗುವ, ಶಿಕ್ಷಕರಾಗಲು ಕಲಿಯುತ್ತಿರುವ ಗೆಳೆಯರಿಗಾಗಿ ಈ ಟಿಪ್ಪಣಿ. ಪ್ರಾಥಮಿಕ ಶಾಲೆಯ ಮಕ್ಕಳು ತಾವೇ ಮುಂದೆ ನಿಂತು ರಸ್ತೆ ಸುರಕ್ಷತೆಯ ಬಗ್ಗೆ, ನಡಿಗೆ ಮತ್ತು ಸೈಕಲ್ ಬಗ್ಗೆ ಪ್ರಚಾರ ಮಾಡುವುದು ಹೇಗೆ, ಅದರಲ್ಲಿ ಶಿಕ್ಷಕರ ಕೆಲಸ ಏನು ಅನ್ನುವುದು ವಿಷಯ.

ಈ ವಿಷಯದಲ್ಲಿ ನಮಗೆ ಸಿಗುವ ಉದಾಹರಣೆಗಳು ಹೆಚ್ಚಾಗಿ ಬ್ರಿಟನ್, ಆಸ್ಟ್ರೇಲಿಯಾ ಕಡೆಯವು. ಮಕ್ಕಳನ್ನು ಕಾರಿನಿಂದ ಇಳಿಸಿ ನಡೆಸುವುದು ಹೇಗೆ ಅನ್ನುವುದೇ ಅಲ್ಲಿನವರ ಚಿಂತೆ. ನಮ್ಮ ಪಾಲಿಕೆ ಶಾಲೆಗಳಲ್ಲಿ ಹೆಚ್ಚಿನ ಮಕ್ಕಳು ಈಗಲೇ ನಡೆದು ಬರುತ್ತಾರೆ. ಚಾಳಿನಿಂದ, ಅಂದರೆ ವಠಾರದಿಂದ ಹೊರಟು, ಗಲ್ಲಿ ದಾಟಿ, ನಾಕಾ (ರಸ್ತೆಗಳು ಕೂಡುವ ಜಾಗ) ದಾಟಿ. ಹಾಗಾಗಿ ನಮ್ಮ ಪ್ರಶ್ನೆ ಬೇರೆ. ನಡೆಯುವ ಮಗುವಿಗೆ ಏಟಾಗಬಾರದು, ನಾಳೆ ಮನೆಗೆ ಸ್ಕೂಟರ್ ಬಂದರೂ ಅದು ನಡಿಗೆ ಬಿಡಬಾರದು. ಇದನ್ನು ತಲೆಯಲ್ಲಿಟ್ಟುಕೊಂಡು ಮುಂದೆ ಓದಿ.

ಎಲ್ಲಿ ಏನು ನಡೆದಿದೆ

ಸ್ಕಾಟ್ಲೆಂಡ್‌ನಲ್ಲಿ ‘ಜೂನಿಯರ್ ರೋಡ್ ಸೇಫ್ಟಿ ಆಫೀಸರ್’ ಎಂಬ ಯೋಜನೆ ಇದೆ. ಪ್ರಾಥಮಿಕ ಶಾಲೆಯ ಮೇಲಿನ ತರಗತಿಗಳಿಂದ, ಅಂದರೆ ಹತ್ತು-ಹನ್ನೊಂದು ವರ್ಷದ ಮಕ್ಕಳಲ್ಲಿ ಕೆಲವರನ್ನು ಆರಿಸುತ್ತಾರೆ. ಸೂಚನಾ ಫಲಕ ನೋಡಿಕೊಳ್ಳುವುದು, ಪ್ರಾರ್ಥನೆ ಹೊತ್ತಿನಲ್ಲಿ ಮಾತಾಡುವುದು, ಸ್ಪರ್ಧೆ ನಡೆಸುವುದು ಅವರ ಕೆಲಸ. ನಮ್ಮಲ್ಲೂ ಸುಮಾರು ಇಂಥದ್ದೇ ಒಂದಿದೆ: ಮಹಾರಾಷ್ಟ್ರದ ಶಾಲೆಗಳ ಆರ್‌ಎಸ್‌ಪಿ, ಅಂದರೆ ರೋಡ್ ಸೇಫ್ಟಿ ಪಟ್ರೋಲ್ (ರಸ್ತೆ ಸುರಕ್ಷತಾ ಗಸ್ತು). ಸಮವಸ್ತ್ರ, ಕವಾಯತು, ಟ್ರಾಫಿಕ್ ಪೊಲೀಸರ ಸಂಪರ್ಕ ಎಲ್ಲ ಅದರಲ್ಲಿದೆ. ಆದರೆ ಕವಾಯತು ಚೆನ್ನಾಗಿ ಬಂದರೆ ರಸ್ತೆ ದಾಟುವುದೂ ಬಂತು ಅಂತ ಅಲ್ಲ. ಅದಕ್ಕೆ ಬೇರೆ ಅಭ್ಯಾಸ ಬೇಕು.

ಮಗುವಿನ ಕಣ್ಣಿನಿಂದ ರಸ್ತೆ

ಇಡೀ ವಿಷಯದಲ್ಲಿ ನನಗೆ ಅತಿ ಮುಖ್ಯ ಅನಿಸುವ ಭಾಗ ಇದು.

ಚಿಕ್ಕ ಮಗು ವಾಹನ ಎಷ್ಟು ದೂರ ಇದೆ ಅಂತ ನೋಡುತ್ತದೆ. ಎಷ್ಟು ಜೋರಾಗಿ ಬರುತ್ತಿದೆ ಅನ್ನುವುದು ಅದಕ್ಕೆ ಸರಿಯಾಗಿ ಗೊತ್ತಾಗುವುದಿಲ್ಲ. ದೂರ ಇದ್ದರೆ ‘ಹೋಗಬಹುದು’ ಅಂತ ಕಾಲಿಡುತ್ತದೆ. ಎರಡನೆಯದು ಎತ್ತರ. ನಿಂತ ಟೆಂಪೋ ಪಕ್ಕದಲ್ಲಿ ಏಳು ವರ್ಷದ ಮಗುವಿಗೆ ಆಚೆ ಏನೂ ಕಾಣುವುದಿಲ್ಲ, ಡ್ರೈವರ್‌ಗೂ ಮಗು ಕಾಣುವುದಿಲ್ಲ. ಮೂರನೆಯದು, ‘ನನಗೆ ಬಸ್ ಕಂಡಿತು, ಅಂದಮೇಲೆ ಬಸ್ಸಿನವರಿಗೂ ನಾನು ಕಂಡೆ’ ಎಂಬ ನಂಬಿಕೆ. ಈ ಮೂರೂ ಮಗುವಿನ ತಪ್ಪಲ್ಲ. ಆ ವಯಸ್ಸೇ ಹಾಗೆ. ‘ಗಮನ ಇಲ್ವಾ?’ ಅಂತ ಬೈದರೆ ಏನೂ ಬದಲಾಗುವುದಿಲ್ಲ.

ಇದಕ್ಕೆ ಸ್ಕಾಟ್ಲೆಂಡ್‌ನ ಗ್ಲಾಸ್ಗೋದ ಡ್ರಮ್‌ಚಾಪಲ್ ಬಡಾವಣೆಯಲ್ಲಿ ಒಂದು ಒಳ್ಳೆಯ ದಾರಿ ಹುಡುಕಿದರು. ಕರ್ಬ್‌ಕ್ರಾಫ್ಟ್ ತರಬೇತಿ ಬೆಳೆದದ್ದು ಅಲ್ಲಿಂದಲೇ. ಐದರಿಂದ ಏಳು ವರ್ಷದ ಮಕ್ಕಳನ್ನು ಎರಡು-ಮೂರು ಜನರ ಗುಂಪಾಗಿ ನಿಜವಾದ ರಸ್ತೆ ಬದಿಗೇ ಕರೆದುಕೊಂಡು ಹೋಗುತ್ತಾರೆ. ಕಲಿಸುವವರು ಊರಿನ ತಂದೆ-ತಾಯಂದಿರೇ. ಕಲಿಸುವುದು ಮೂರೇ ಸಂಗತಿ: ದಾಟಲು ಸರಿಯಾದ ಜಾಗ ಆರಿಸುವುದು, ನಿಂತ ವಾಹನಗಳ ನಡುವಿನಿಂದ ದಾಟುವುದು, ರಸ್ತೆಗಳು ಕೂಡುವ ಕಡೆ ದಾಟುವುದು.

ಮುಂಬೈಗೆ ಎರಡನೆಯದು ತುಂಬಾ ಬೇಕು. ಫುಟ್‌ಪಾತ್ ಉದ್ದಕ್ಕೂ ಬೈಕು, ಟೆಂಪೋ ನಿಂತಿರುತ್ತವಲ್ಲ. ಹಂತಗಳನ್ನು ಮಗುವಿಗೆ ಹೀಗೆ ಹೇಳಿಕೊಡಿ. ಸಾಧ್ಯವಾದಷ್ಟು ಬೇರೆ ಜಾಗ ಹುಡುಕು. ಇಲ್ಲದಿದ್ದರೆ ಒಳಗೆ ಯಾರೂ ಕೂತಿರದ, ಇಂಜಿನ್ ಬಂದ್ ಇರುವ ವಾಹನದ ಪಕ್ಕ ಹೋಗು. ಫುಟ್‌ಪಾತ್ ಅಂಚಿಗೆ ಒಮ್ಮೆ ನಿಲ್ಲು. ನಿಧಾನಕ್ಕೆ ಆ ವಾಹನದ ಹೊರ ಅಂಚಿನವರೆಗೆ ಬಂದು ಮತ್ತೆ ನಿಲ್ಲು. ಈಗ ಬಲಕ್ಕೆ ನೋಡು, ಎಡಕ್ಕೆ ನೋಡು, ಮತ್ತೆ ಬಲಕ್ಕೆ. ನಮ್ಮಲ್ಲಿ ಹತ್ತಿರದ ವಾಹನ ಬಲಗಡೆಯಿಂದ ಬರುತ್ತದೆ, ಅದಕ್ಕೇ ಬಲ ಮೊದಲು. ರಾಂಗ್ ಸೈಡಿನಲ್ಲಿ ನುಗ್ಗುವ ಬೈಕುಗಳೂ ಇರುವುದರಿಂದ ಏಕಮುಖ ರಸ್ತೆಯಲ್ಲೂ ಎರಡೂ ಕಡೆ ನೋಡಿಸಿ. ಆ ಎರಡನೇ ನಿಲ್ಲುವಿಕೆಯನ್ನೇ ಎಲ್ಲರೂ ಮರೆಯುವುದು. ಅದನ್ನು ಹತ್ತು ಸಲ ಮಾಡಿಸಿದರೂ ಜಾಸ್ತಿ ಆಗುವುದಿಲ್ಲ.

ಗಣಿತ ಪಿರಿಯಡ್‌ಗೆ

ಐದನೇ ಇಯತ್ತೆಯ (ತರಗತಿಯ) ಮೇಲಿನ ಮಕ್ಕಳಿಗೆ ಲೆಕ್ಕದಲ್ಲೇ ತೋರಿಸಬಹುದು. ಮಗು ಸೆಕೆಂಡಿಗೆ ಒಂದು ಮೀಟರ್ ನಡೆಯುತ್ತದೆ ಅಂದುಕೊಳ್ಳಿ. 7 ಮೀಟರ್ ಅಗಲದ ರಸ್ತೆಗೆ 7 ಸೆಕೆಂಡು. ಗಂಟೆಗೆ 50 ಕಿ.ಮೀ. ವೇಗದ ಕಾರು ಅಷ್ಟರಲ್ಲಿ ಸುಮಾರು 97 ಮೀಟರ್ ಬಂದಿರುತ್ತದೆ. 30 ಕಿ.ಮೀ. ವೇಗವಾದರೆ ಸುಮಾರು 58 ಮೀಟರ್. ಇನ್ನು ಬ್ರೇಕ್. ಒಣ ರಸ್ತೆಯಲ್ಲಿ, ಡ್ರೈವರ್ ಎಚ್ಚೆತ್ತುಕೊಳ್ಳಲು ಒಂದು ಸೆಕೆಂಡು ಹಿಡಿದರೆ, 30ರ ವೇಗದ ಕಾರು ನಿಲ್ಲಲು ಸುಮಾರು 13 ಮೀಟರ್ ಬೇಕು, 50ರ ಕಾರಿಗೆ ಸುಮಾರು 28. ಶಾಲೆಯ ಅಂಗಳದಲ್ಲಿ ಸೀಮೆಸುಣ್ಣದಿಂದ ಈ ಎರಡು ಗೆರೆ ಎಳೆಸಿ. ವೇಗ ದುಪ್ಪಟ್ಟೂ ಆಗಿಲ್ಲ, ದೂರ ಮಾತ್ರ ದುಪ್ಪಟ್ಟಾಗಿದೆ ಅನ್ನುವುದು ಆಗ ಕಣ್ಣಿಗೆ ಕಾಣುತ್ತದೆ.

ಕೈ ಎತ್ತಿಸುವ ಸಮೀಕ್ಷೆ

‘ಇವತ್ತು ಶಾಲೆಗೆ ಹೇಗೆ ಬಂದಿರಿ?’ ಪ್ರಚಾರಕ್ಕೆ ಆರಿಸಿದ ಮಕ್ಕಳ ತಂಡ ಪ್ರತಿ ತರಗತಿಗೆ ಹೋಗಿ ಇಷ್ಟೇ ಕೇಳಲಿ. ನಡೆದು, ಸೈಕಲ್, ಬೆಸ್ಟ್ ಬಸ್, ರಿಕ್ಷಾ, ಸ್ಕೂಲ್ ವ್ಯಾನ್, ಸ್ಕೂಟರ್. ಕೈ ಎಣಿಸಿ ಬರೆದುಕೊಳ್ಳಬೇಕು. ಸ್ಕಾಟ್ಲೆಂಡ್‌ನಲ್ಲಿ 2008ರಿಂದ ದೇಶದ ಮಟ್ಟದಲ್ಲಿ ಹೀಗೆ ಕೈ ಎತ್ತಿಸಿ ಲೆಕ್ಕ ತೆಗೆಯುತ್ತಾರೆ, ಆದರೆ ಅಲ್ಲಿ ಕೇಳುವುದು ಸಾಮಾನ್ಯವಾಗಿ ಹೇಗೆ ಬರುತ್ತೀರಿ ಅಂತ. ‘ಸಾಮಾನ್ಯವಾಗಿ ಹೇಗೆ ಬರ್ತೀರಿ’ ಅಂತ ಕೇಳಿದರೆ ಮಕ್ಕಳು ಸುಮ್ನೆ ಟೀಚರ್‌ಗೆ ಇಷ್ಟವಾಗುವ ಉತ್ತರ ಕೊಡಬಹುದು. ‘ಇವತ್ತು’ ಅಂತ ಕೇಳಿದರೆ ನಿಜ ಬರುತ್ತದೆ.

ಸ್ಕೂಟರ್ ಅಂದವರಿಗೆ ಇನ್ನೊಂದು ಪ್ರಶ್ನೆ: ಹೆಲ್ಮೆಟ್ ಇತ್ತಾ? ಮೋಟಾರು ವಾಹನ ಕಾಯ್ದೆಯ 129ನೇ ಕಲಂ ಪ್ರಕಾರ ನಾಲ್ಕು ವರ್ಷ ದಾಟಿದ ಎಲ್ಲರಿಗೂ ಹೆಲ್ಮೆಟ್ ಕಡ್ಡಾಯ. ಅಪ್ಪನ ತಲೆ ಮೇಲೆ ಇದ್ದು ಮಗುವಿನ ತಲೆ ಬರಿದಾಗಿರುವುದನ್ನು ನಾವು ದಿನಾ ನೋಡುತ್ತೇವೆ. ಇದನ್ನು ನಾವು ಹೇಳುವುದಕ್ಕಿಂತ ಮಗುವೇ ಮನೆಯಲ್ಲಿ ‘ಅಪ್ಪಾ, ನನಗೂ ಬೇಕು’ ಅಂದರೆ ಕೆಲಸ ಆಗುತ್ತದೆ.

ನಡಿಗೆ ಬಸ್

ಚಾಲಕ ಇಲ್ಲದ, ಕಾಲುಗಳ ಮೇಲೆ ನಡೆಯುವ ಬಸ್. ಗೊತ್ತಾದ ದಾರಿ, ಗೊತ್ತಾದ ನಿಲ್ದಾಣ, ಗೊತ್ತಾದ ಸಮಯ. ಆಸ್ಟ್ರೇಲಿಯಾದ ಡೇವಿಡ್ ಎಂಗ್ವಿಕ್ಟ್ 1990ರ ದಶಕದ ಆರಂಭದಲ್ಲಿ ಈ ಯೋಚನೆ ಮುಂದಿಟ್ಟರು. ಬ್ರಿಟನ್‌ನಲ್ಲಿ 1998ರಲ್ಲಿ ಸೇಂಟ್ ಆಲ್ಬನ್ಸ್ ಪಟ್ಟಣದಲ್ಲಿ ಶುರುವಾಯಿತು. ನಮ್ಮ ಚಾಳುಗಳಲ್ಲಿ ಅಕ್ಕ ತಮ್ಮನ ಕೈ ಹಿಡಿದು, ಪಕ್ಕದ ಮನೆಯವರನ್ನೂ ಕರೆದುಕೊಂಡು ಬರುವುದು ಮೊದಲಿಂದಲೂ ಇದೆ. ಅದಕ್ಕೆ ಮುಂದೊಬ್ಬರು, ಹಿಂದೊಬ್ಬರು ದೊಡ್ಡವರನ್ನು ಸೇರಿಸಿ, ಹೆಸರಿನ ಪಟ್ಟಿ ಇಟ್ಟರೆ ಆಯಿತು.

ಮಳೆ ಮತ್ತು ಸಂಜೆ ಪಾಳಿ

ಮುಂಬೈಯಲ್ಲಿ ಶಾಲೆ ಶುರುವಾಗುವುದೂ ಮಳೆ ಹಿಡಿಯುವುದೂ ಜೂನ್‌ನಲ್ಲೇ. ರೇನ್‌ಕೋಟಿನ ಟೋಪಿ ಪಕ್ಕದ ನೋಟ ಮುಚ್ಚುತ್ತದೆ. ಕತ್ತು ಮಾತ್ರ ತಿರುಗಿಸಿದರೆ ಸಾಲದು, ಇಡೀ ಮೈ ತಿರುಗಿಸಿ ನೋಡಲು ಕಲಿಸಿ. ಕೊಡೆ ಮುಖದ ಮುಂದೆ ಬಾಗಬಾರದು. ನೀರು ನಿಂತ ಕಡೆ ಗುಂಡಿ ಕಾಣುವುದಿಲ್ಲ, ಅದನ್ನು ತಪ್ಪಿಸಲು ಮಕ್ಕಳು ರಸ್ತೆಗೆ ಇಳಿಯುತ್ತಾರೆ. ಡಿಸೆಂಬರ್‌ನಲ್ಲಿ ಸಂಜೆ ಆರಕ್ಕೇ ಸೂರ್ಯ ಮುಳುಗುತ್ತಾನೆ. ಮಧ್ಯಾಹ್ನದ ಪಾಳಿಯ ಮಕ್ಕಳ ಬ್ಯಾಗಿಗೆ ಹೊಳೆಯುವ ಟೇಪ್ ಅಂಟಿಸುವುದು ಕಡಿಮೆ ಖರ್ಚಿನ, ದೊಡ್ಡ ಉಪಕಾರದ ಕೆಲಸ.

ಮಾಡಿಸಬಾರದ್ದು

ಮಕ್ಕಳ ಕೈಯಲ್ಲಿ ವಾಹನ ನಿಲ್ಲಿಸಬೇಡಿ. ಫೋಟೋಗೆ ಚೆಂದ ಅಂತ ನಾಕಾದಲ್ಲಿ ಫಲಕ ಹಿಡಿಸಿ ನಿಲ್ಲಿಸುವುದೂ ಬೇಡ. ವಾಹನ ತಡೆಯುವುದು ಪೊಲೀಸರ, ದೊಡ್ಡವರ ಕೆಲಸ.

ಕೊನೆಯ ಚಟುವಟಿಕೆ: ವಾರ್ಡ್ ಕಚೇರಿಗೆ ಪತ್ರ

ಎಷ್ಟೇ ಕಲಿಸಿದರೂ ಅಳಿಸಿಹೋದ ಜೀಬ್ರಾ ಪಟ್ಟಿಯನ್ನು ಮಗು ಬಳಿಯಲು ಆಗುವುದಿಲ್ಲ. ಅದನ್ನು ಕೇಳಲು ಆಗುತ್ತದೆ. ತಂಡದವರು ಶಿಕ್ಷಕರ ಜತೆ ಶಾಲೆ ಸುತ್ತಲಿನ ದಾರಿ ನಡೆದು ನಕ್ಷೆ ಬರೆಯಲಿ: ಪಟ್ಟಿ ಎಲ್ಲಿ ಅಳಿಸಿದೆ, ಫುಟ್‌ಪಾತ್ ಎಲ್ಲಿ ಮುರಿದಿದೆ, ಸಿಗ್ನಲ್‌ನಲ್ಲಿ ದಾಟಲು ಎಷ್ಟು ಸೆಕೆಂಡು ಸಿಗುತ್ತದೆ, ಒಂದನೇ ಇಯತ್ತೆಯ ಮಗುವಿಗೆ ಎಷ್ಟು ಬೇಕು. ಪತ್ರದ ಕರಡು ಕನ್ನಡ ಪಿರಿಯಡ್‌ನಲ್ಲಿ, ಕಳಿಸುವ ಪ್ರತಿ ಮರಾಠಿ ಪಿರಿಯಡ್‌ನಲ್ಲಿ. ಸೆಕೆಂಡುಗಳ ಲೆಕ್ಕ ಮತ್ತು ನಕ್ಷೆ ಜತೆಗಿರಲಿ, ಮುಖ್ಯೋಪಾಧ್ಯಾಯರ ಸಹಿ ಇರಲಿ. ಸ್ವೀಕೃತಿ ಮುದ್ರೆ ಬಿದ್ದ ಪ್ರತಿಯನ್ನು ಮಕ್ಕಳ ಫಲಕದಲ್ಲಿ ಹಾಕಿ, ಉತ್ತರ ಬರದಿದ್ದರೆ ಮುಂದಿನ ತಿಂಗಳು ಮತ್ತೆ ಬರೆಸಿ.