ಸೋಲಿಗೆ ಕೇಕೆ ಹಾಕಿದ ಊರು

2015ರ ಮಾರ್ಚ್ 26ರ ರಾತ್ರಿ. ನ್ಯೂಯಾರ್ಕ್ ರಾಜ್ಯದ ಪಶ್ಚಿಮ ತುದಿಯಲ್ಲಿ, ಈರಿ ಸರೋವರದ ದಂಡೆಯಲ್ಲಿರುವ ಬಫಲೋ ನಗರ. ತವರಿನ ತಂಡ ಬಫಲೋ ಸೇಬರ್ಸ್, ಎದುರಾಳಿ ಅರಿಝೋನಾ ಕಯೋಟೀಸ್. ಐಸ್ ಹಾಕಿಯ ಅತಿ ದೊಡ್ಡ ಲೀಗ್ ಆದ ಎನ್‌ಎಚ್‌ಎಲ್‌ನಲ್ಲಿ ಆ ವರ್ಷ ಕೊನೆಯ ಸ್ಥಾನದಲ್ಲಿದ್ದದ್ದು ಬಫಲೋ, ಅದಕ್ಕಿಂತ ಒಂದು ಮೆಟ್ಟಿಲು ಮೇಲಿದ್ದದ್ದು ಅರಿಝೋನಾ. 3–3 ಆಗಿ ಆಟ ಓವರ್‌ಟೈಮಿಗೆ ಹೋಯಿತು. ಅರಿಝೋನಾದ ಸ್ಯಾಮ್ ಗಾನ್ಯೇ ಹೊಡೆದ ಪಕ್ (ಐಸ್ ಹಾಕಿಯಲ್ಲಿ ಚೆಂಡಿನ ಬದಲಿಗಿರುವ ರಬ್ಬರ್ ಬಿಲ್ಲೆ) ಬಫಲೋದ ಬಲೆ ಸೇರಿತು. ಗ್ಯಾಲರಿಯಲ್ಲಿ ಜನ ಕೇಕೆ ಹಾಕಿದರು.

ಕೇಕೆ ಹಾಕಿದವರು ಅರಿಝೋನಾದಿಂದ ಬಂದವರಲ್ಲ. ದುಡ್ಡು ಕೊಟ್ಟು ಟಿಕೆಟ್ ಕೊಂಡು, ಸೇಬರ್ಸ್ ಜೆರ್ಸಿ ತೊಟ್ಟು ಕೂತಿದ್ದ ಬಫಲೋದವರೇ. ತಮ್ಮ ತಂಡ ಸೋತಿದ್ದಕ್ಕೆ ಅವರಿಗೆ ಖುಷಿಯಾಗಿತ್ತು. ಬಫಲೋದ ಡಿಫೆಂಡರ್ ಮೈಕ್ ವೆಬರ್ ಪಂದ್ಯದ ಬಳಿಕ ಬೇಸರವನ್ನು ಮುಚ್ಚಿಡಲಿಲ್ಲ. ಮುಚ್ಚಿಡುವುದಾದರೂ ಹೇಗೆ? ತನ್ನ ತಂಡದ ಅಭಿಮಾನಿಗಳೇ ತನ್ನ ಸೋಲನ್ನು ಹಬ್ಬ ಮಾಡಿದ್ದನ್ನು ಕಣ್ಣಾರೆ ಕಂಡಿದ್ದರು.

ಈ ಜನಕ್ಕೆ ಹುಚ್ಚು ಎಂದುಕೊಂಡರೆ ಅರ್ಧ ಕಥೆ ಮಾತ್ರ ಗೊತ್ತಾದಂತೆ. ಅವರು ಲೆಕ್ಕ ಹಾಕಿಯೇ ಕೇಕೆ ಹಾಕಿದ್ದು.

ಲೆಕ್ಕ ಇಷ್ಟು. ನಮ್ಮ ಐಪಿಎಲ್‌ನಲ್ಲಿ ಆಟಗಾರರು ಹರಾಜಿನಲ್ಲಿ ಬರುತ್ತಾರೆ. ಆರ್‌ಸಿಬಿ 2017ರಲ್ಲಿ, 2019ರಲ್ಲಿ ಕೊನೆಯ ಸ್ಥಾನಕ್ಕೆ ಬಿದ್ದಾಗ ಅದರಿಂದ ಮೂರು ಕಾಸಿನ ಲಾಭವೂ ಆಗಲಿಲ್ಲ. ‘ಈ ಸಲ ಕಪ್ ನಮ್ದೇ’ ಎಂದು ಮುಂದಿನ ವರ್ಷಕ್ಕೆ ಕಾಯುವುದೊಂದೇ ಉಳಿದಿತ್ತು. ಎನ್‌ಎಚ್‌ಎಲ್‌ನಲ್ಲಿ ಹಾಗಲ್ಲ. ಅಲ್ಲಿ ಪ್ರತಿ ವರ್ಷ 18ರ ಆಸುಪಾಸಿನ ಹುಡುಗರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುತ್ತವೆ. ಇದಕ್ಕೆ ಡ್ರಾಫ್ಟ್ ಎಂದು ಹೆಸರು. ಸರದಿ ತಲೆಕೆಳಗು: ಕೆಟ್ಟದಾಗಿ ಆಡಿದವರಿಗೆ ಮೊದಲ ಆಯ್ಕೆ. ಬಡವರಿಗೆ ಮೊದಲ ಬಡಿಸಾಟ ಎಂಬ ಸದುದ್ದೇಶದ ನಿಯಮ. ಆದರೆ ಮೊದಲ ಪಂಕ್ತಿಯಲ್ಲಿ ಪಾಯಸ ಇದೆ ಎಂದು ಗೊತ್ತಾದರೆ ಬಡವನ ವೇಷ ಹಾಕುವವರಿಗೆ ಕೊರತೆಯೇ?

ವೇಷ ಹಾಕುವುದು ಬಫಲೋದಿಂದ ಶುರುವಾದದ್ದಲ್ಲ. 1984ರಲ್ಲಿ ಪಿಟ್ಸ್‌ಬರ್ಗ್ ಪೆಂಗ್ವಿನ್ಸ್ ಕೊನೆಯ ಸ್ಥಾನ ಪಡೆದು ಮಾರಿಯೋ ಲೆಮ್ಯೂ ಎಂಬ ಅಪರೂಪದ ಪ್ರತಿಭೆಯನ್ನು ಹಿಡಿಯಿತು. ಆ ಸೋಲುಗಳು ಬೇಕೆಂದೇ ಸೋತದ್ದು ಎಂದು ಅಂದಿನಿಂದಲೂ ಜನ ಆಡಿಕೊಳ್ಳುತ್ತಾರೆ. ಲೆಮ್ಯೂ ಇದ್ದ ತಂಡ 1991 ಮತ್ತು 1992ರಲ್ಲಿ ಲೀಗಿನ ಚಾಂಪಿಯನ್ ಟ್ರೋಫಿಯಾದ ಸ್ಟ್ಯಾನ್ಲಿ ಕಪ್ ಗೆದ್ದಿತು. 1993ರಲ್ಲಿ ಒಟ್ಟಾವಾ ಸೆನೆಟರ್ಸ್ ಮೇಲೂ ಅದೇ ಅನುಮಾನ ಬಂತು. ಕೊನೆಗೆ 1995ರಲ್ಲಿ ಲೀಗ್ ಒಂದು ಲಾಟರಿ ತಂದಿತು. ಕೊನೆಯ ಸ್ಥಾನದವರಿಗೆ ಮೊದಲ ಆಯ್ಕೆ ಖಾತರಿಯಲ್ಲ, ಚೀಟಿ ಎತ್ತಿದಾಗ ಅವಕಾಶ ಹೆಚ್ಚು, ಅಷ್ಟೇ. ಬೇಕೆಂದೇ ಸೋಲುವ ಈ ತಂತ್ರವನ್ನು ಅಲ್ಲಿನವರು ‘ಟ್ಯಾಂಕಿಂಗ್’ ಎನ್ನುತ್ತಾರೆ. ಆಟಗಾರರು ಬೇಕೆಂದು ಸೋಲುವುದಿಲ್ಲ, ಇದು ಮುಖ್ಯ. ಸೋಲುವಂಥ ತಂಡವನ್ನು ಆಡಳಿತ ಕಟ್ಟಿಕೊಡುತ್ತದೆ.

2015ರಲ್ಲಿ ಪಾಯಸದ ಹೆಸರು ಕಾನರ್ ಮೆಕ್‌ಡೇವಿಡ್. ಹಲವು ದಶಕಗಳಿಗೊಬ್ಬ ಹುಟ್ಟುವ ಆಟಗಾರ ಎಂದು 15ನೇ ವಯಸ್ಸಿಗೇ ಹೆಸರಾಗಿದ್ದ ಕೆನಡಾದ ಹುಡುಗ. ಅವರ ಹಿಂದೆಯೇ ಅಮೆರಿಕದ ಜ್ಯಾಕ್ ಐಕಲ್. ಆ ವರ್ಷದ ನಿಯಮದ ಪ್ರಕಾರ ಲಾಟರಿ ಮೊದಲ ಆಯ್ಕೆಗೆ ಮಾತ್ರ. ಹಾಗಾಗಿ ಕೊನೆಯ ಸ್ಥಾನದ ತಂಡ ಎರಡನೆಯ ಆಯ್ಕೆಗಿಂತ ಕೆಳಗೆ ಇಳಿಯುವಂತಿಲ್ಲ. ಅಂದರೆ ಕೊನೆಯವರಾದರೆ ಇಬ್ಬರಲ್ಲಿ ಒಬ್ಬರು ಸಿಕ್ಕೇ ಸಿಗುತ್ತಾರೆ. ಮಾರ್ಚ್ 26ರಂದು ಸೇಬರ್ಸ್ ಗೆದ್ದುಬಿಟ್ಟರೆ? ಆ ಖಾತರಿ ಅರಿಝೋನಾದ ಪಾಲಾಗುವ ಭಯ. ಅದಕ್ಕೇ ಕೇಕೆ.

ಅದೃಷ್ಟದಾಟ ಬಫಲೋಗೆ ಹೊಸದೇನಲ್ಲ. ತಂಡದ ಹುಟ್ಟೇ ಹಾಗೆ. 1970ರಲ್ಲಿ ಬಫಲೋ ಮತ್ತು ವ್ಯಾಂಕೂವರ್ ಒಟ್ಟಿಗೆ ಲೀಗಿಗೆ ಸೇರಿದವು. ಗಿಲ್ಬರ್ಟ್ ಪೆರೋ ಎಂಬ ಹುಡುಗ ಯಾರಿಗೆ ಎಂದು ತೀರ್ಮಾನಿಸಲು ಜಾತ್ರೆಯಲ್ಲಿ ಇರುವಂಥ ಒಂದು ಚಕ್ರ ತಿರುಗಿಸಿದರು. ಚಕ್ರ ನಿಂತಿತು. ಲೀಗಿನ ಅಧ್ಯಕ್ಷರು 1 ಎಂದು ಓದಿದರು, ವ್ಯಾಂಕೂವರಿನವರು ಕುಣಿದರು. ಸೇಬರ್ಸ್‌ನ ಮ್ಯಾನೇಜರ್ ಪಂಚ್ ಇಮ್ಲಾಕ್ ಇನ್ನೊಮ್ಮೆ ನೋಡಿ ಎಂದರು. ನೋಡಿದರೆ ಅದು 11. ಪೆರೋ ಬಫಲೋಗೆ ಬಂದು ಅದೇ 11ನೇ ನಂಬರಿನ ಜೆರ್ಸಿ ತೊಟ್ಟು 17 ಸೀಸನ್ ಆಡಿದರು, ಬೇರೆ ತಂಡದ ಮುಖ ನೋಡಲಿಲ್ಲ. (ಈ ಇಮ್ಲಾಕ್ ಆಸಾಮಿಯ ಇನ್ನೊಂದು ಕಥೆ ಹೇಳದಿದ್ದರೆ ನನಗೆ ಸಮಾಧಾನವಿಲ್ಲ. 1974ರ ಡ್ರಾಫ್ಟ್ ಎಳೆದೆಳೆದು ಬೇಸರವಾಗಿ, 11ನೇ ಸುತ್ತಿನಲ್ಲಿ ಟಾರೊ ಸುಜಿಮೊಟೊ ಎಂಬ ಜಪಾನಿ ಆಟಗಾರನನ್ನು ಆರಿಸಿಕೊಂಡರು. ಲೀಗ್ ಅದನ್ನು ದಾಖಲಿಸಿಯೂ ಆಯಿತು. ಅಂಥ ಮನುಷ್ಯನೇ ಇರಲಿಲ್ಲ! ಇಂದಿಗೂ ಬಫಲೋದಲ್ಲಿ ಆ ಇಲ್ಲದ ಆಟಗಾರನ ಹೆಸರಿನ ಜೆರ್ಸಿ ತೊಡುವವರಿದ್ದಾರೆ.)

ಚಕ್ರ ಕೊಟ್ಟದ್ದು ಅಷ್ಟೇ. ಆಮೇಲಿನದೆಲ್ಲ ಕೈಗೆ ಬಂದ ತುತ್ತು ಬಾಯಿಗೆ ಬಾರದ ಕಥೆ. 1975ರಲ್ಲಿ, ಹುಟ್ಟಿದ ಐದೇ ವರ್ಷಕ್ಕೆ, ಫೈನಲ್ ತಲುಪಿದರು. ಮೇ ತಿಂಗಳ ಸೆಕೆ. ಹಳೆಯ ಮೆಮೋರಿಯಲ್ ಆಡಿಟೋರಿಯಂನಲ್ಲಿ ಎಸಿ ಇರಲಿಲ್ಲ. ಮಂಜುಗಡ್ಡೆಯ ಮೇಲಿಂದ ದಟ್ಟ ಮಬ್ಬು ಎದ್ದು ಆಟಗಾರರೇ ಕಾಣದಂತಾಯಿತು. ಆಟ ನಿಲ್ಲಿಸಿ ಎಲ್ಲರೂ ಗುಂಡಗೆ ಸ್ಕೇಟ್ ಮಾಡುತ್ತ ಮಬ್ಬು ಚದುರಿಸಬೇಕಾಯಿತು. ಅದೇ ಪಂದ್ಯದಲ್ಲಿ ಒಂದು ಬಾವಲಿ ಒಳಗೆ ಹಾರಾಡುತ್ತಿತ್ತು. ಜಿಮ್ ಲೊರೆಂಟ್ಜ್ ಸ್ಟಿಕ್ಕಿನಿಂದ ಹೊಡೆದು ಕೆಡವಿದರು. ಆ ಪಂದ್ಯ ಬಫಲೋ ಗೆದ್ದಿತು, ಫೈನಲ್ ಮಾತ್ರ ಫಿಲಡೆಲ್ಫಿಯಾ ಪಾಲಾಯಿತು. ಬಾವಲಿಯನ್ನು ಕೊಂದ ಶಾಪ ಎಂದು ಹೇಳುವವರು ಇದ್ದಾರೆ. ನಗುತ್ತಲೇ ಹೇಳುತ್ತಾರೆ, ಆದರೆ ಹೇಳುತ್ತಾರೆ.

1999ರದ್ದು ನಗುವ ಮಾತಲ್ಲ. ಡಾಮಿನಿಕ್ ಹಾಶೆಕ್ ಎಂಬ ಚೆಕ್ ಗೋಲ್‌ಕೀಪರ್ ಒಬ್ಬರೇ ತಂಡವನ್ನು ಹೆಗಲ ಮೇಲೆ ಹೊತ್ತು ಫೈನಲ್‌ಗೆ ತಂದಿದ್ದರು. ಡಲ್ಲಾಸ್ ವಿರುದ್ಧ ಆರನೇ ಪಂದ್ಯ ಮೂರನೇ ಓವರ್‌ಟೈಮಿನವರೆಗೆ ಎಳೆದು, ನಡುರಾತ್ರಿ ದಾಟಿ ಒಂದೂವರೆಯಾಗಿತ್ತು. ಬ್ರೆಟ್ ಹಲ್ ಗೋಲ್ ಹೊಡೆದು ಕಪ್ ಡಲ್ಲಾಸಿಗೆ ಹೋಯಿತು. ಹೊಡೆಯುವಾಗ ಹಲ್ ಅವರ ಒಂದು ಕಾಲು ಗೋಲಿನ ಮುಂದಿನ ನೀಲಿ ಅಂಕಣದೊಳಗಿತ್ತು. ಆ ಸೀಸನ್ನಿನಲ್ಲಿ ಅದೇ ಕಾರಣಕ್ಕೆ ಎಷ್ಟೋ ಗೋಲುಗಳನ್ನು ರದ್ದು ಮಾಡಿದ್ದರು. ಪಕ್ ಹಲ್ ಹಿಡಿತದಲ್ಲೇ ಇತ್ತು, ಆದ್ದರಿಂದ ಸರಿ ಎಂದು ಲೀಗ್ ಸಮರ್ಥಿಸಿಕೊಂಡಿತು. ಆಮೇಲೆ ಆ ನಿಯಮವನ್ನೇ ಕೈಬಿಟ್ಟಿತು. ಬಫಲೋದಲ್ಲಿ ‘ನೋ ಗೋಲ್’ ಎಂಬ ಎರಡು ಶಬ್ದ ಸಾಕು, ಮಿಕ್ಕಿದ್ದನ್ನು ಎದುರಿಗಿದ್ದವರೇ ಹೇಳುತ್ತಾರೆ.

ಇದೆಲ್ಲ ನಡೆದ ಊರು ಎಂಥದ್ದು ಎಂಬುದನ್ನೂ ನೋಡಬೇಕು. 1950ರಲ್ಲಿ 5.8 ಲಕ್ಷ ಜನರಿದ್ದ ಬಫಲೋದಲ್ಲಿ 2020ರ ಹೊತ್ತಿಗೆ ಉಳಿದದ್ದು 2.78 ಲಕ್ಷ. ಉಕ್ಕಿನ ಕಾರ್ಖಾನೆಗಳು ಮುಚ್ಚಿದವು, ಮಕ್ಕಳು ಬೇರೆ ಊರು ಹಿಡಿದರು. ಚಳಿಗಾಲದಲ್ಲಿ ಸರೋವರದ ಮೇಲಿಂದ ಬೀಸುವ ಗಾಳಿ ಒಂದೇ ರಾತ್ರಿಯಲ್ಲಿ ಬಾಗಿಲು ಮುಚ್ಚುವಷ್ಟು ಹಿಮ ಸುರಿಯುತ್ತದೆ. ಇಂಥಲ್ಲಿ ಹಾಕಿ ಎಂಬುದು ಮನೆಯ ಒಲೆಯಿದ್ದಂತೆ. ತಮ್ಮ ತಂಡ ಇಲ್ಲದ ಫೈನಲ್ಲನ್ನೂ ಟಿವಿಯಲ್ಲಿ ಅತಿ ಹೆಚ್ಚು ನೋಡುವ ಅಮೆರಿಕದ ಊರುಗಳ ಸಾಲಿನಲ್ಲಿ ಬಫಲೋ ವರ್ಷವರ್ಷವೂ ಮುಂದಿರುತ್ತಿತ್ತು.

ಆದ್ದರಿಂದಲೇ 2011ರ ಫೆಬ್ರವರಿಯಲ್ಲಿ ಟೆರಿ ಪೆಗೂಲಾ ತಂಡವನ್ನು ಕೊಂಡಾಗ ಊರಿಗೆ ಊರೇ ನಂಬಿತು. ಅದಕ್ಕೂ ಮೊದಲಿನ ಮಾಲೀಕರ ಕಂಪನಿ ಹಗರಣದಲ್ಲಿ ಮುಳುಗಿ, ತಂಡವೇ 2003ರಲ್ಲಿ ದಿವಾಳಿ ಅರ್ಜಿ ಹಾಕಿದ್ದನ್ನು ಜನ ಮರೆತಿರಲಿಲ್ಲ. 2006–07ರಲ್ಲಿ ಇಡೀ ಲೀಗಿನಲ್ಲಿ ಮೊದಲ ಸ್ಥಾನ ಪಡೆದ ತಂಡದಿಂದ ಕ್ರಿಸ್ ಡ್ರೂರಿ, ಡ್ಯಾನಿಯಲ್ ಬ್ರಿಯೇರ್ ಇಬ್ಬರೂ ನಾಯಕರು 2007ರ ಜುಲೈ 1ರಂದು ಒಂದೇ ದಿನ ಎದ್ದು ಹೋದದ್ದನ್ನೂ ಮರೆತಿರಲಿಲ್ಲ. ಪೆಗೂಲಾ ನೈಸರ್ಗಿಕ ಅನಿಲದಲ್ಲಿ ದುಡಿದ ಶತಕೋಟ್ಯಧಿಪತಿ, ಹಳೆಯ ಅಭಿಮಾನಿ. ಪತ್ರಿಕಾಗೋಷ್ಠಿಯಲ್ಲಿ ಎದುರಿಗೆ ಕೂತಿದ್ದ ಗಿಲ್ಬರ್ಟ್ ಪೆರೋ ಅವರನ್ನು ಕಂಡು ಕಣ್ಣೀರು ತಂದುಕೊಂಡರು. ಇನ್ನು ಈ ತಂಡ ಇರುವುದೇ ಸ್ಟ್ಯಾನ್ಲಿ ಕಪ್ ಗೆಲ್ಲುವುದಕ್ಕೆ ಎಂದರು. ಅದೇ ಏಪ್ರಿಲ್ 26ರಂದು ಫಿಲಡೆಲ್ಫಿಯಾ ಎದುರು ಏಳನೇ ಪಂದ್ಯ ಸೋತು ಪ್ಲೇಆಫ್‌ನಿಂದ ಹೊರಬಿದ್ದರು. ಪರವಾಗಿಲ್ಲ, ಮುಂದಿನ ವರ್ಷ ಇದೆಯಲ್ಲ ಎಂದುಕೊಂಡು ಜನ ಮನೆಗೆ ಹೋದರು.

ಆ ಮುಂದಿನ ವರ್ಷ ಬರಲಿಲ್ಲ. ದುಬಾರಿ ಆಟಗಾರರನ್ನು ತಂದದ್ದು ಫಲಿಸದೆ, 2013ರ ಹೊತ್ತಿಗೆ ಆಡಳಿತ ಎಲ್ಲವನ್ನೂ ಕೆಡವಿ ಹೊಸದಾಗಿ ಕಟ್ಟುವ ನಿರ್ಧಾರಕ್ಕೆ ಬಂತು. ಪಾಮಿನ್‌ವಿಲ್ ಹೋದರು, ವಾನೆಕ್ ಹೋದರು, ಗೋಲ್‌ಕೀಪರ್ ರಯಾನ್ ಮಿಲ್ಲರ್ ಹೋದರು. 2013–14ರಲ್ಲಿ 82 ಪಂದ್ಯಗಳಲ್ಲಿ 21 ಗೆಲುವು, ಮರುವರ್ಷ 23. 2015ರಲ್ಲಂತೂ ಚೆನ್ನಾಗಿ ಆಡತೊಡಗಿದ ಇಬ್ಬರು ಗೋಲ್‌ಕೀಪರುಗಳನ್ನು, ಎನ್‌ರೋತ್ ಮತ್ತು ನಾಯ್ವಿರ್ತ್ ಅವರನ್ನು, ಮೂರು ವಾರದ ಅಂತರದಲ್ಲಿ ಬೇರೆ ತಂಡಗಳಿಗೆ ಕಳಿಸಿದರು. ಪಕ್ ತಡೆಯುವವರೇ ಅಡ್ಡಿ! ಅಭಿಮಾನಿಗಳಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿರಲಿಲ್ಲ.

ನನ್ನ ಮಟ್ಟಿಗೆ ಕಥೆಯ ಗಂಟು ಇಲ್ಲಿದೆ. ತಂಡ ಸೋತರೆ ಅಭಿಮಾನಿ ತಡೆದುಕೊಳ್ಳುತ್ತಾನೆ, ಬಫಲೋದವರು 40 ವರ್ಷ ತಡೆದುಕೊಂಡಿದ್ದರು. ಆದರೆ ಸೋಲನ್ನು ಬಯಸಬೇಕು ಎಂದು ಯಾರೂ ಅವರಿಗೆ ಅಲ್ಲಿಯವರೆಗೆ ಕಲಿಸಿರಲಿಲ್ಲ. ಎರಡು ವರ್ಷ ಪ್ರತಿ ಬೆಳಿಗ್ಗೆ ಪಟ್ಟಿ ತೆರೆದು, ಅಬ್ಬ, ನಾವಿನ್ನೂ ಕೊನೆಯಲ್ಲೇ ಇದ್ದೇವೆ ಎಂದು ನಿಟ್ಟುಸಿರು ಬಿಟ್ಟ ಜನ ಅವರು. ಇದನ್ನು ಒಪ್ಪದ ಅಭಿಮಾನಿಗಳೂ ಇದ್ದರು. ಮಾರ್ಚ್ 26ರಂದು ಅದೇ ಗ್ಯಾಲರಿಯಲ್ಲಿ ಕೇಕೆ ಹಾಕಿದವರ ಪಕ್ಕದಲ್ಲೇ ಅವರು ಬಾಯಿ ಮುಚ್ಚಿ ಕೂತಿದ್ದರು. ಮನೆಮನೆಯಲ್ಲಿ ಜಗಳ ನಡೆದ ವರ್ಷ ಅದು.

ಏಪ್ರಿಲ್ 18ರಂದು ಲಾಟರಿ. ಬಫಲೋಗೆ ಶೇ 20 ಅವಕಾಶ, ಎಲ್ಲರಿಗಿಂತ ಹೆಚ್ಚು. ಗೆದ್ದದ್ದು ಶೇ 11.5 ಅವಕಾಶವಿದ್ದ ಎಡ್ಮಂಟನ್. ಹಿಂದಿನ ವರ್ಷವೂ ಬಫಲೋ ಕೊನೆಗೆ ಬಂದು, ಲಾಟರಿ ಫ್ಲಾರಿಡಾ ಪಾಲಾಗಿ, ಎರಡನೇ ಆಯ್ಕೆಯಲ್ಲಿ ಸ್ಯಾಮ್ ರೈನ್‌ಹಾರ್ಟ್ ಬಂದಿದ್ದರು. ಈಗ ಐಕಲ್ ಬಂದರು.

ಐಕಲ್ ಚೆನ್ನಾಗಿ ಆಡಲಿಲ್ಲ ಎಂದಲ್ಲ. ಚೆನ್ನಾಗಿಯೇ ಆಡಿದರು, ನಾಯಕರೂ ಆದರು. ತಂಡ ಮಾತ್ರ ಗೆಲ್ಲುವುದನ್ನು ಮರೆತಿತ್ತು. ಎರಡು ವರ್ಷ ಸೋಲನ್ನೇ ಯೋಜನೆ ಮಾಡಿಕೊಂಡ ಮನೆಗೆ ಹುಡುಗರು ಬಂದು ಸೇರಿದರೆ ಅವರಿಗೆ ಕಲಿಸುವ ಹಿರಿಯರು ಯಾರು ಉಳಿದಿದ್ದರು? 2015ರಲ್ಲಿ ಬಂದ ರಯಾನ್ ಒರೈಲಿ, ಸೋತೂ ಸೋತೂ ಆಟದ ಮೇಲಿನ ಪ್ರೀತಿಯೇ ಕೆಲವೊಮ್ಮೆ ಹೋಗಿತ್ತು ಎಂದು 2018ರಲ್ಲಿ ಬಾಯಿಬಿಟ್ಟರು. ಆ ಜುಲೈನಲ್ಲಿ ಅವರನ್ನು ಸೇಂಟ್ ಲೂಯಿಸ್‌ಗೆ ಕೊಟ್ಟರು. ಮರುವರ್ಷವೇ ಸೇಂಟ್ ಲೂಯಿಸ್ ಕಪ್ ಗೆದ್ದಿತು, ಪ್ಲೇಆಫ್‌ನ ಶ್ರೇಷ್ಠ ಆಟಗಾರ ಒರೈಲಿ.

ಅದೇ 2018ರ ನವೆಂಬರಿನಲ್ಲಿ ಸೇಬರ್ಸ್ ಸತತ ಹತ್ತು ಪಂದ್ಯ ಗೆದ್ದು ಊರನ್ನು ಕುಣಿಸಿತ್ತು; ಏಪ್ರಿಲ್ ಹೊತ್ತಿಗೆ ಪ್ಲೇಆಫ್ ಹತ್ತಿರವೂ ಇರಲಿಲ್ಲ. 2020ರಲ್ಲಿ ಕೊರೊನಾ ಕಾರಣಕ್ಕೆ ಲೀಗ್ 31ರಲ್ಲಿ 24 ತಂಡಗಳನ್ನು ಮುಂದಿನ ಹಂತಕ್ಕೆ ಕರೆಯಿತು. ಬಫಲೋ 25ನೆಯದು. 2021ರಲ್ಲಿ ಸತತ 18 ಪಂದ್ಯ ಗೆಲುವಿಲ್ಲದೆ ಕಳೆದರು. ಬಹುಪಾಲು ಖಾಲಿ ಗ್ಯಾಲರಿಯ ಕಾಲ, ನೋಡಲು ಹೆಚ್ಚು ಜನ ಬರುವಂತಿರಲಿಲ್ಲ ಎಂಬುದೇ ಪುಣ್ಯ. ಐಕಲ್ ಕುತ್ತಿಗೆಯ ಗಾಯಕ್ಕೆ ಯಾವ ಶಸ್ತ್ರಚಿಕಿತ್ಸೆ ಎಂಬುದರ ಮೇಲೆ ತಂಡಕ್ಕೂ ಅವರಿಗೂ ಜಟಾಪಟಿಯಾಗಿ, ಆ ನವೆಂಬರಿನಲ್ಲಿ ವೇಗಸ್‌ಗೆ ಹೋದರು. 2023ರಲ್ಲಿ ಕಪ್ ಎತ್ತಿದರು.

ಲೀಗಿನ ಅರ್ಧದಷ್ಟು ತಂಡಗಳು ಪ್ರತಿ ವರ್ಷ ಪ್ಲೇಆಫ್‌ಗೆ ಹೋಗುತ್ತವೆ. ಅಂದಾಜಿಗೆ ನಾಣ್ಯ ಚಿಮ್ಮಿದ ಹಾಗೆ. ಬಫಲೋ 2012ರಿಂದ 2025ರವರೆಗೆ ಸತತ 14 ಸಲ ಹೊರಗುಳಿಯಿತು. ನಾಣ್ಯ ಚಿಮ್ಮಿ 14 ಸಲವೂ ಸೋಲಬೇಕಾದರೆ ಸಾಧ್ಯತೆ 16,384ರಲ್ಲಿ ಒಂದು. ಹಿಂದಿನ ದಾಖಲೆ ಹತ್ತು ವರ್ಷದ್ದು; ಅದನ್ನು 2022ರಲ್ಲೇ ಮುರಿದಾಗಿತ್ತು. 2023ರಲ್ಲಿ 91 ಅಂಕ ಪಡೆದು ಒಂದೇ ಒಂದು ಅಂಕದಿಂದ ತಪ್ಪಿಸಿಕೊಂಡರು. ಆ ಒಂದು ಅಂಕ ಹೆಚ್ಚಿದ್ದ ಫ್ಲಾರಿಡಾ ಫೈನಲ್‌ವರೆಗೂ ಹೋಯಿತು.

ಈ ನಡುವೆ 2022ರ ಏಪ್ರಿಲ್ 1ರಂದು ಮಾತ್ರ ಗ್ಯಾಲರಿ ಹಳೆಯ ಹಾಗೆ ತುಂಬಿತ್ತು. 1971ರಿಂದ ಸೇಬರ್ಸ್ ಪಂದ್ಯಗಳ ವೀಕ್ಷಕ ವಿವರಣೆ ಹೇಳುತ್ತಿದ್ದ ರಿಕ್ ಜೆನರೆಟ್ ಅವರ ಹೆಸರಿನ ಬಾವುಟ ಚಾವಣಿಗೆ ಏರಿದ ದಿನ. 1993ರಲ್ಲಿ ಬ್ರ್ಯಾಡ್ ಮೇ ಓವರ್‌ಟೈಮ್ ಗೋಲ್ ಹೊಡೆದಾಗ ಅವರು ‘ಮೇ ಡೇ’ ಎಂದು ಕೂಗಿದ್ದನ್ನು ಆಗ ಹುಟ್ಟಿರದ ಮಕ್ಕಳೂ ಅನುಕರಿಸುತ್ತಾರೆ. ಕಪ್ ಇಲ್ಲದ ತಂಡದ ಅಭಿಮಾನಿಗೆ ಆಸ್ತಿ ಎಂದರೆ ಇಂಥ ಧ್ವನಿಗಳೇ. ಮರುವರ್ಷ ಆಗಸ್ಟಿನಲ್ಲಿ ಅವರೂ ತೀರಿಕೊಂಡರು. 2024ರಲ್ಲಿ, 1999ರ ಫೈನಲ್‌ನಲ್ಲಿ ಕೋಚ್ ಆಗಿದ್ದ ಲಿಂಡಿ ರಫ್ ಅವರನ್ನೇ ಮತ್ತೆ ಕರೆತಂದರು. ಆ ಚಳಿಗಾಲದಲ್ಲೇ ತಂಡ ಸತತ 13 ಪಂದ್ಯ ಗೆಲ್ಲಲಿಲ್ಲ. ಅಂದು ಗಾನ್ಯೇ ಗೋಲ್ ಹೊಡೆದ ಅರಿಝೋನಾ ತಂಡವಾದರೋ 2024ರಲ್ಲಿ ಊರನ್ನೇ ಬಿಟ್ಟು ಯೂಟಾಗೆ ಹೋಯಿತು.

2024ರ ಜೂನ್ 24ರಂದು ಫ್ಲಾರಿಡಾದಲ್ಲಿ ಸ್ಟ್ಯಾನ್ಲಿ ಕಪ್ ಫೈನಲ್‌ನ ಏಳನೇ ಪಂದ್ಯ. ಒಂದು ಕಡೆ ಎಡ್ಮಂಟನ್‌ನ ನಾಯಕ ಮೆಕ್‌ಡೇವಿಡ್, ಬಫಲೋ ಯಾರಿಗಾಗಿ ಸೋತಿತ್ತೋ ಅವರು. ಇನ್ನೊಂದು ಕಡೆ ರೈನ್‌ಹಾರ್ಟ್, ಅದರ ಹಿಂದಿನ ವರ್ಷದ ಸೋಲಿಗೆ ಸಿಕ್ಕಿದವರು. 2021ರಲ್ಲಿ ಬಫಲೋ ಅವರನ್ನು ಫ್ಲಾರಿಡಾಗೆ ಕೊಟ್ಟಿತ್ತು. 1–1 ಆಗಿತ್ತು. ಎರಡನೇ ಅವಧಿಯಲ್ಲಿ ರೈನ್‌ಹಾರ್ಟ್ ಬಲಗಡೆಯಿಂದ ಪಕ್ ತಂದು ಹೊಡೆದರು. ಕಪ್ಪನ್ನು ತೀರ್ಮಾನಿಸಿದ ಗೋಲ್ ಅದೇ. ಫ್ಲಾರಿಡಾದಲ್ಲಿ ಅವರ ನಂಬರ್ 13. ಬಫಲೋದ ಕಪಾಟುಗಳಲ್ಲಿ ಮಡಚಿಟ್ಟ ರೈನ್‌ಹಾರ್ಟ್ ಜೆರ್ಸಿಗಳ ಮೇಲೆ ಇರುವುದು 23.