2016ರ ಫೈನಲ್ ವಾಟ್ಸನ್ ಒಬ್ಬನಿಂದಲೇ ಸೋತದ್ದಾ?

ಓದುಗರ ಪ್ರಶ್ನೆ: "ಸರ್, 2016ರ ಐಪಿಎಲ್ ಫೈನಲ್‌ನ್ಯಾಗ ವಾಟ್ಸನ್ ಕೊನೀ ಓವರಿಗೆ 24 ರನ್ ಕೊಡಲಿಲ್ಲಂದ್ರ ಕಪ್ ಅವತ್ತ ನಮ್ಮದಾಗ್ತಿತ್ತು, ಹೌದಲ್ರೀ?" – ಜಮಖಂಡಿಯ ಓದುಗರೊಬ್ಬರು

ಅಲ್ರೀ.

ಇಷ್ಟಕ್ಕೇ ಮುಗಿಸಬಹುದಿತ್ತು. ಆದರೆ ಇದೇ ಪ್ರಶ್ನೆ ಮುಧೋಳದಿಂದ, ಇಂಡಿಯಿಂದ, ಗೋಕಾಕದಿಂದ ವೇಷ ಬದಲಿಸಿಕೊಂಡು ಬರುತ್ತಲೇ ಇದೆ. 2025ರ ಜೂನ್ 3ರಂದು ನಮ್ಮ ಆರ್‌ಸಿಬಿಗೆ (ರಾಯಲ್ ಚಾಲೆಂಜರ್ಸ್ ಬೆಂಗಳೂರು) ಕಪ್ ಬಂದ ಮೇಲಾದರೂ ನಿಂತೀತು ಎಂದುಕೊಂಡರೆ, ಅದಕ್ಕೊಂದು ಬಾಲ ಸೇರಿತು: "ವಾಟ್ಸನ್ ಇಲ್ಲದಿದ್ರ ಇದು ಎರಡನೇ ಕಪ್ ಆಗ್ತಿತ್ತು." ಹಾಗಾಗಿ ಒಮ್ಮೆ ಲೆಕ್ಕ ಇಟ್ಟುಬಿಡೋಣ. ಸ್ಕೋರ್‌ಕಾರ್ಡ್ ತೆರೆದು ಪಕ್ಕದಲ್ಲಿಟ್ಟುಕೊಂಡು ಓದಿ.

ಮೊದಲು ಆರೋಪದಲ್ಲಿ ನಿಜ ಎಷ್ಟಿದೆಯೋ ಅಷ್ಟನ್ನು ಒಪ್ಪೋಣ. 2016ರ ಮೇ 29, ಭಾನುವಾರ, ಚಿನ್ನಸ್ವಾಮಿ ಕ್ರೀಡಾಂಗಣ. ಟಾಸ್ ಗೆದ್ದ ಎದುರಾಳಿ ನಾಯಕ ವಾರ್ನರ್ ಬ್ಯಾಟಿಂಗ್ ಆರಿಸಿಕೊಂಡರು. ಸನ್‌ರೈಸರ್ಸ್ ಹೈದರಾಬಾದ್ 7 ವಿಕೆಟ್‌ಗೆ 208. ನಮ್ಮ ಬೌಲರ್ ವಾಟ್ಸನ್ 4 ಓವರ್, 61 ರನ್, ವಿಕೆಟ್ ಇಲ್ಲ. ಕೊನೆಯ ಓವರಿನಲ್ಲಿ ಬೆನ್ ಕಟಿಂಗ್ ಚಚ್ಚಿದ್ದು ಎಲ್ಲರ ಕಣ್ಣಲ್ಲಿದೆ. 15 ಎಸೆತಕ್ಕೆ ಔಟಾಗದೆ 39. ನಾವು 7 ವಿಕೆಟ್‌ಗೆ 200, ಸೋತದ್ದು 8 ರನ್‌ನಿಂದ. ಬೌಲಿಂಗ್ ಕೆಟ್ಟದಾಗಿತ್ತು. ಅದರಲ್ಲಿ ತಕರಾರಿಲ್ಲ.

ತಕರಾರಿರುವುದು ಮುಂದಿನ ಹೆಜ್ಜೆಯಲ್ಲಿ. "24ರ ಬದಲು 12 ಕೊಟ್ಟಿದ್ದರೆ ಹೈದರಾಬಾದ್ 196, ನಮ್ಮದು 200, ಗೆದ್ದೆವು" ಎನ್ನುವ ಕಳೆಯುವ ಲೆಕ್ಕ ನೋಡಲು ಸರಳ. ಆದರೆ 197 ಬೆನ್ನತ್ತುವ ತಂಡ 209 ಬೆನ್ನತ್ತುವ ತಂಡದ ಹಾಗೆ ಆಡುವುದಿಲ್ಲ. ಮೊದಲ ಓವರಿನಿಂದಲೇ ಹೊಡೆತದ ಆಯ್ಕೆ ಬೇರೆ, ಯಾವ ಬೌಲರ್‌ನನ್ನು ಬಿಡಬೇಕು, ಯಾರನ್ನು ಹಿಡಿದು ಬಾರಿಸಬೇಕು ಎನ್ನುವುದೂ ಬೇರೆ. ಅದನ್ನೂ ಬಿಡಿ, 8 ರನ್‌ನಿಂದ ಸೋತ ಪಂದ್ಯದಲ್ಲಿ ಯಾವ 9 ರನ್ ಬೇಕಾದರೂ ಬೊಟ್ಟು ಮಾಡಿ ತೋರಿಸಬಹುದು. ಡಿವಿಲಿಯರ್ಸ್ 6 ಎಸೆತಕ್ಕೆ 5 ಮಾಡಿದರು, ಅಲ್ಲಿ 9 ಸಿಗುತ್ತದೆ. ರಾಹುಲ್ 11ಕ್ಕೆ ಔಟಾದರು, ಅಲ್ಲೂ ಸಿಗುತ್ತದೆ. ಆರು ರೊಟ್ಟಿ ತಿಂದು ಹೊಟ್ಟೆ ಕೆಟ್ಟರೆ ಆರನೆಯ ರೊಟ್ಟಿಗೆ ಬೈದ ಹಾಗೆ ಇದು.

"ಕೊಹ್ಲಿ ಅವನ ಕೈಗೆ ಬಾಲ್ ಕೊಟ್ಟಿದ್ದೇ ತಪ್ಪು" ಎನ್ನುವವರಿಗೆ ಇನ್ನೊಂದು ಲೆಕ್ಕ. ಟಿ20ಯಲ್ಲಿ ಒಬ್ಬ ಬೌಲರ್‌ಗೆ 4 ಓವರ್ ಮಿತಿ. ಅವತ್ತು ಅರವಿಂದ್, ಜೋರ್ಡನ್, ಚಾಹಲ್ ಮೂವರೂ ತಲಾ 4 ಓವರ್ ಪೂರ್ತಿ ಹಾಕಿದ್ದಾರೆ. 20ನೇ ಓವರ್ ವಾಟ್ಸನ್ ಹಾಕಿದ್ದರಿಂದ, ಆ ಮೂವರ ಎಲ್ಲಾ 12 ಓವರ್‌ಗಳೂ ಮೊದಲ 19ರೊಳಗೇ ಮುಗಿದಿರಲೇಬೇಕು. ಹಾಗಾದರೆ ಆ ಹೊತ್ತಿಗೆ ನಾಯಕನ ಕೈಯಲ್ಲಿ ಯಾರಿದ್ದರು? ವಾಟ್ಸನ್, ಗೇಲ್, ಇಕ್ಬಾಲ್ ಅಬ್ದುಲ್ಲಾ, ಸ್ಟುವರ್ಟ್ ಬಿನ್ನಿ. ಚಿನ್ನಸ್ವಾಮಿಯ ಸಣ್ಣ ಬೌಂಡರಿಗೆ, ಕಣ್ಣು ಕುದುರಿದ ಕಟಿಂಗ್‌ಗೆ, ಈ ನಾಲ್ವರಲ್ಲಿ ಯಾರನ್ನು ಆರಿಸುತ್ತಿದ್ದಿರಿ? ಜೋರ್ಡನ್‌ನ ಒಂದು ಓವರ್ ಉಳಿಸಿಕೊಳ್ಳಬೇಕಿತ್ತು ಎಂದರೆ ಒಪ್ಪುವ ಮಾತೇ. ಆದರೆ ಆಗ ಆರೋಪ 20ನೇ ಓವರಿನ ಮೇಲಿರುವುದಿಲ್ಲ, ಅದಕ್ಕೂ ಮೊದಲಿನ ಓವರ್‌ಗಳನ್ನು ಹಂಚಿದ ರೀತಿಯ ಮೇಲೆ ಹೋಗುತ್ತದೆ. ಜೋರ್ಡನ್ ಆದರೂ 4 ಓವರಿಗೆ 45 ಕೊಟ್ಟಿದ್ದರು.

ಇನ್ನು ಆ ಮನುಷ್ಯನ ಸೀಸನ್ ನೋಡಿ. ವಾಟ್ಸನ್ ಆ ವರ್ಷ 20 ವಿಕೆಟ್ ತೆಗೆದಿದ್ದರು. ತಂಡದಲ್ಲಿ ಅವರಿಗಿಂತ ಮುಂದಿದ್ದವರು ಚಾಹಲ್, ಅದೂ ಒಂದೇ ವಿಕೆಟ್‌ನಿಂದ. ಫೈನಲ್‌ಗೆ ಐದು ದಿನ ಮೊದಲು, ಮೇ 24ರಂದು, ಇದೇ ಮೈದಾನದಲ್ಲಿ ಗುಜರಾತ್ ಲಯನ್ಸ್ ವಿರುದ್ಧದ ಮೊದಲ ಕ್ವಾಲಿಫೈಯರ್‌ನಲ್ಲಿ 29 ರನ್ನಿಗೆ 4 ವಿಕೆಟ್ ಕಿತ್ತು, ಎದುರಾಳಿಯನ್ನು 158ಕ್ಕೆ ನಿಲ್ಲಿಸಿದ್ದೂ ಇದೇ ವಾಟ್ಸನ್. ಅದು ಯಾರಿಗೂ ನೆನಪಿಲ್ಲ. ಆ ಪಂದ್ಯದಲ್ಲಿ ನಮ್ಮವರು 29ಕ್ಕೆ 5 ಆಗಿ, ಡಿವಿಲಿಯರ್ಸ್ ಔಟಾಗದೆ 79 ಹೊಡೆದು ಎಳೆದು ತಂದದ್ದಷ್ಟೇ ನೆನಪು.

ಕೊನೆಯ ಸಾಕ್ಷಿ ನಮ್ಮದೇ ಕಪ್. 2025ರ ಫೈನಲ್ ಅಹಮದಾಬಾದ್‌ನಲ್ಲಿ. ನಮ್ಮದು 9 ವಿಕೆಟ್‌ಗೆ 190. ಕೊನೆಯ ಓವರಿನಲ್ಲಿ ಪಂಜಾಬ್‌ಗೆ 29 ಬೇಕಿತ್ತು, ಹೇಜಲ್‌ವುಡ್ 22 ಕೊಟ್ಟರು. ಒಟ್ಟು 4 ಓವರಿಗೆ 54, ವಾಟ್ಸನ್‌ಗಿಂತ ಬರೀ 7 ಕಡಿಮೆ. ಗೆದ್ದದ್ದು 6 ರನ್‌ನಿಂದ. ಆ 22ರ ಬಗ್ಗೆ ಬೆಳಗಾವಿಯ ಒಂದು ಚಹಾದಂಗಡಿಯಲ್ಲಾದರೂ ಯಾರಾದರೂ ಬೈದದ್ದು ಕೇಳಿದ್ದೀರಾ? ಇಲ್ಲ, ಏಕೆಂದರೆ ಗೆದ್ದೆವು. ಆ ಪಂದ್ಯ ಗೆಲ್ಲಿಸಿದ್ದು ಕೃಣಾಲ್ ಪಾಂಡ್ಯ, 4 ಓವರಿಗೆ 17 ರನ್, 2 ವಿಕೆಟ್, ಅದೂ ನಡುವಿನ ಓವರ್‌ಗಳಲ್ಲಿ.

ನಡುವಿನ ಓವರ್ ಅಂದೆ. 2016ರ ಸೋಲಿನ ಉತ್ತರವೂ ಅಲ್ಲೇ ಇದೆ. ಹುಡುಕುವ ಕ್ರಮ ಹೇಳುತ್ತೇನೆ. ಯಾವ ಸೋಲಿಗೆ ಬೇಕಾದರೂ ಹಚ್ಚಿ ನೋಡಬಹುದು.

ಸ್ಕೋರ್‌ಕಾರ್ಡಿನ ಕೆಳಗೆ ಫಾಲ್ ಆಫ್ ವಿಕೆಟ್ಸ್ ಎಂಬ ಸಾಲಿರುತ್ತದೆ: ಯಾವ ವಿಕೆಟ್ ಎಷ್ಟು ರನ್ನಿಗೆ, ಎಷ್ಟನೇ ಓವರಿನಲ್ಲಿ ಬಿತ್ತು ಎಂಬುದು. ಬಹಳ ಜನ ಅದನ್ನು ಓದುವುದೇ ಇಲ್ಲ, ಇಡೀ ಪಂದ್ಯ ಇರುವುದು ಅಲ್ಲೇ. ಒಂದೊಂದು ವಿಕೆಟ್ ಬಿದ್ದಾಗಲೂ ಎಷ್ಟು ರನ್ ಬೇಕಿತ್ತು, ಎಷ್ಟು ಎಸೆತ ಉಳಿದಿತ್ತು, ಎರಡನ್ನೂ ಬರೆದುಕೊಳ್ಳಿ. ಇಲ್ಲಿ ಎಲ್ಲರೂ ಮಾಡುವ ಒಂದು ತಪ್ಪಿದೆ. 10.3 ಓವರ್ ಎಂದರೆ ಹತ್ತು ಓವರ್ ಮತ್ತು ಮೂರು ಎಸೆತ. 20ರಿಂದ ಕ್ಯಾಲ್ಕುಲೇಟರ್‌ನಲ್ಲಿ ಕಳೆದರೆ 9.7 ಬರುತ್ತದೆ, ಅಂಥ ಓವರ್ ಲೋಕದಲ್ಲೇ ಇಲ್ಲ. ಎಸೆತಕ್ಕೆ ತಿರುಗಿಸಿ: 63 ಆಗಿದೆ, 57 ಉಳಿದಿದೆ. ಬೇಕಾದ ರನ್ನನ್ನು ಉಳಿದ ಎಸೆತದಿಂದ ಭಾಗಿಸಿ ಆರರಿಂದ ಗುಣಿಸಿದರೆ ಓವರಿಗೆ ಎಷ್ಟು ಬೇಕೆಂದು ಸಿಗುತ್ತದೆ.

ಈಗ ಹಚ್ಚಿ. ಗೇಲ್ 38 ಎಸೆತಕ್ಕೆ 76 ಹೊಡೆದು ಔಟಾದಾಗ 10.3 ಓವರಿಗೆ 114. ಬೇಕಿದ್ದದ್ದು 57 ಎಸೆತಕ್ಕೆ 95, ಓವರಿಗೆ 10. ಕೊಹ್ಲಿ 54ಕ್ಕೆ ಬೌಲ್ಡ್ ಆದಾಗ 12.5 ಓವರಿಗೆ 140. 43 ಎಸೆತಕ್ಕೆ 69, ಓವರಿಗೆ 9.6. ಆರೇ ಎಸೆತದ ನಂತರ, 148ರಲ್ಲಿ, ಬಿಪುಲ್ ಶರ್ಮಾ ಅವರ ಸ್ಪಿನ್‌ಗೆ ಡಿವಿಲಿಯರ್ಸ್. ಆಗ 37 ಎಸೆತಕ್ಕೆ 61, ಓವರಿಗೆ 9.9.

ಗಮನಿಸಿದಿರಾ? ಗೇಲ್ ಹೋದಾಗ 10, ಡಿವಿಲಿಯರ್ಸ್ ಹೋದಾಗಲೂ 10ರ ಹತ್ತಿರ. ಟಿವಿಯ ಮೂಲೆಯಲ್ಲಿ ಕಾಣುವ ರಿಕ್ವೈರ್ಡ್ ರೇಟ್ ಅಲುಗಾಡಲೇ ಇಲ್ಲ. ಅದಕ್ಕೇ ನೋಡುತ್ತಿದ್ದವರಿಗೆ ಪಂದ್ಯ ಕೈಯಲ್ಲೇ ಇದೆ ಅನಿಸಿದ್ದು. ಕೈ ಬಿಟ್ಟದ್ದು ಪಕ್ಕದ ವಿಕೆಟ್ ಅಂಕಣದಲ್ಲಿ. ಓವರಿಗೆ 10 ಎಂಬುದು ಕಣ್ಣು ಕೂತ ಗೇಲ್‌ಗೆ ಒಂದು ಬೆಲೆ, ಆಗತಾನೇ ಇಳಿದವನಿಗೆ ಇನ್ನೊಂದು. ಹೊಸಬ ಪಿಚ್ಚಿನ ವೇಗ ನೋಡಲು ಐದಾರು ಎಸೆತ ತಿನ್ನುತ್ತಾನೆ. ಹತ್ತರ ರೇಟಿನಲ್ಲಿ ಆ ಐದಾರು ಎಸೆತವೆಂದರೆ ಹತ್ತು ರನ್ನಿನ ಸಾಲ. ಸಾಲ ತೀರಿಸಲು ಸೆಟ್ ಆಗುವ ಮೊದಲೇ ಎತ್ತಿ ಹೊಡೆಯುತ್ತಾನೆ, ಔಟಾಗುತ್ತಾನೆ, ಅವನ ಹಿಂದೆ ಇನ್ನೊಬ್ಬ ಹೊಸಬ. 140ಕ್ಕೆ 1 ಇದ್ದದ್ದು 164ಕ್ಕೆ 5 ಆಯಿತು. ಇಪ್ಪತ್ನಾಲ್ಕು ರನ್ನಿಗೆ ನಾಲ್ಕು ವಿಕೆಟ್. ನೆನಪಿಡಲೇಬೇಕೆಂದಿದ್ದರೆ ಈ 24 ಇಟ್ಟುಕೊಳ್ಳಿ.

ಗೇಲ್ ಮತ್ತು ಕೊಹ್ಲಿ ಇಬ್ಬರೇ 73 ಎಸೆತಕ್ಕೆ 130. ಉಳಿದ ಏಳು ಜನರ ಬ್ಯಾಟಿನಿಂದ ಬಂದದ್ದು 61. ಅದರಲ್ಲಿ ಅತಿ ಹೆಚ್ಚು ಸಚಿನ್ ಬೇಬಿಯ 18.

ಎದುರಾಳಿಗೆ ಸಿಗಬೇಕಾದ ಪಾಲನ್ನೂ ಕೊಡಬೇಕು. ಹೈದರಾಬಾದಿನ ಸ್ರಾನ್ ಮತ್ತು ಹೆನ್ರಿಕ್ಸ್ ಸೇರಿ 6 ಓವರಿಗೆ 81 ಕೊಟ್ಟಿದ್ದಾರೆ, ಓವರಿಗೆ ಹದಿಮೂರೂವರೆ. ಅಂದರೆ ವಾಟ್ಸನ್‌ನಂಥವರು ಅವರಲ್ಲಿ ಇಬ್ಬರಿದ್ದರು. ಹಾಗಿದ್ದೂ ಉಳಿದುಕೊಂಡದ್ದು ಭುವನೇಶ್ವರ್ ಮತ್ತು ಮುಸ್ತಫಿಜುರ್ ಅವರಿಂದ: ಇಬ್ಬರೂ ಸೇರಿ 8 ಓವರಿಗೆ 62. ಭುವನೇಶ್ವರ್ ವಿಕೆಟ್ ತೆಗೆಯಲಿಲ್ಲ, 4 ಓವರಿಗೆ 25 ಮಾತ್ರ ಕೊಟ್ಟರು. 200 ಮುಟ್ಟಿದ ಎರಡು ಇನಿಂಗ್ಸ್‌ಗಳ ನಡುವೆ ಅದು ಐದು ವಿಕೆಟ್‌ಗೆ ಸಮ. ಕೊನೆಯ ಓವರಿನಲ್ಲಿ 18 ಬೇಕಿದ್ದಾಗ ಅವರು ಕೊಟ್ಟದ್ದು 9. "ವಾಟ್ಸನ್ ಸೋಲಿಸಿದ" ಎನ್ನುವ ಬದಲು "ಭುವನೇಶ್ವರ್ ಗೆಲ್ಲಿಸಿದ" ಎಂದರೆ ಜಗಳ ಅರ್ಧ ಕಡಿಮೆಯಾದೀತು.

2009, 2011ರ ಫೈನಲ್ ಸೋಲುಗಳ ಬಗ್ಗೆಯೂ ಕೇಳುವವರಿದ್ದಾರೆ. 2011 ಬೇಗ ಮುಗಿಯುತ್ತದೆ: ಚೆನ್ನೈನಲ್ಲಿ ಎದುರಾಳಿ ಚೆನ್ನೈ ಸೂಪರ್ ಕಿಂಗ್ಸ್ ತಂಡದ ವಿಜಯ್–ಹಸ್ಸಿ ಮೊದಲ ವಿಕೆಟ್‌ಗೇ 159, ನಮ್ಮ ಗೇಲ್ ಅಶ್ವಿನ್‌ಗೆ ಸೊನ್ನೆ, 58 ರನ್ ಸೋಲು. ಅದರಲ್ಲಿ ಎದೆ ಒಡೆಯುವಂಥದ್ದೇನೂ ಇಲ್ಲ, ಮೊದಲರ್ಧದಲ್ಲೇ ಮುಗಿದಿತ್ತು. 2009 ಬೇರೆ. ಜೋಹಾನ್ಸ್‌ಬರ್ಗ್‌ನಲ್ಲಿ ನಮ್ಮ ನಾಯಕ ಕುಂಬ್ಳೆ 16 ರನ್ನಿಗೆ 4 ವಿಕೆಟ್ ತೆಗೆದು ಡೆಕ್ಕನ್ ಚಾರ್ಜರ್ಸ್ ತಂಡವನ್ನು 143ಕ್ಕೆ ನಿಲ್ಲಿಸಿದರು. ನಾವು 137. ಸೋತ ತಂಡದ ನಾಯಕನೇ ಪಂದ್ಯಶ್ರೇಷ್ಠ. ಇದಕ್ಕೆ ಯಾರನ್ನೂ ಬೈಯುವವರಿಲ್ಲ, ಏಕೆಂದರೆ ಬೈಯಲು ಅನುಕೂಲವಾದ ಒಂದು ಓವರ್ ಅದರಲ್ಲಿಲ್ಲ.

ಇಲ್ಲಿಗೆ ಪ್ರಶ್ನೆಗೆ ಉತ್ತರ ಆಯಿತು. ಆದರೆ ವಿಜಯಪುರದವರು ಕೇಳಬೇಕಾಗಿದ್ದೂ ಕೇಳದ ಒಂದು ಪ್ರಶ್ನೆ ಉಳಿದಿದೆ. ಕೊನೆಯಲ್ಲಿ ಕಂಡವರ ತಲೆಗೆ ಸೋಲು ಕಟ್ಟುವುದೇ ಪದ್ಧತಿಯಾದರೆ, 2017ರ ಮಹಿಳಾ ವಿಶ್ವಕಪ್ ಫೈನಲ್ ಸೋಲನ್ನು ಯಾರ ತಲೆಗೆ ಕಟ್ಟುತ್ತೀರಿ?

ಜುಲೈ 23, ಲಾರ್ಡ್ಸ್. ಇಂಗ್ಲೆಂಡ್ 228, ಭಾರತ 48.4 ಓವರಿಗೆ 219, ಸೋಲು 9 ರನ್‌ನಿಂದ. ಕೊನೆಯದಾಗಿ ಇಂಗ್ಲೆಂಡಿನ ಬೌಲರ್ ಶ್ರಬ್‌ಸೋಲ್‌ಗೆ ಬೌಲ್ಡ್ ಆದವರು ವಿಜಯಪುರದ ರಾಜೇಶ್ವರಿ ಗಾಯಕವಾಡ. ಇನ್ನೂ 8 ಎಸೆತ ಇತ್ತು, 10 ರನ್ ಬೇಕಿತ್ತು. ಮೈದಾನದ ಕೊನೆಯ ಚಿತ್ರದಲ್ಲಿ ಇರುವುದು ಅವರ ಸ್ಟಂಪ್.

ಅದೇ ಕ್ರಮ ಹಚ್ಚಿ. ಪೂನಂ ರಾವುತ್ 86ಕ್ಕೆ ಔಟಾದಾಗ 42.5 ಓವರಿಗೆ 191, ಅದು ನಾಲ್ಕನೇ ವಿಕೆಟ್. 43 ಎಸೆತಕ್ಕೆ 38 ಬೇಕು, ಓವರಿಗೆ 5.3. ಒಂಟಿ ರನ್ ಓಡಿದ್ದರೂ ಹತ್ತಿರ ಬರುತ್ತಿತ್ತು. 2016ರಲ್ಲಿ ರೇಟಿನ ಒತ್ತಡವಾದರೂ ಇತ್ತು, ಇಲ್ಲಿ ಅದೂ ಇಲ್ಲ. ಆದರೂ 28 ರನ್ನಿಗೆ ಏಳು ವಿಕೆಟ್ ಬಿದ್ದವು. ಶ್ರಬ್‌ಸೋಲ್ 46ಕ್ಕೆ 6. ಸುಷ್ಮಾ, ವೇದಾ, ಝೂಲನ್ ಮೂವರೂ 201ರೊಳಗೇ ಹೋದರು. ಹನ್ನೆರಡು–ಹದಿಮೂರು ಎಸೆತದಲ್ಲಿ ಪಂದ್ಯ ಮಗುಚಿತು. ರಾಜೇಶ್ವರಿ ಹನ್ನೊಂದನೆಯವರಾಗಿ ಇಳಿಯುವ ಹೊತ್ತಿಗೆ ಆಗಬೇಕಾದದ್ದೆಲ್ಲ ಆಗಿತ್ತು.

ಫೈನಲ್ ತನಕ ಬಂದದ್ದು ಹೇಗೆ ಎನ್ನುವುದನ್ನೂ ಹೇಳಬೇಕಲ್ಲ. ಜುಲೈ 15, ಡರ್ಬಿ, ನ್ಯೂಜಿಲೆಂಡ್ ವಿರುದ್ಧ ಸೋತರೆ ಸೆಮಿಫೈನಲ್ ಇಲ್ಲ. ಭಾರತ 265. ಅವರು 79ಕ್ಕೆ ಆಲೌಟ್. ಬೌಲರ್: ರಾಜೇಶ್ವರಿ ಗಾಯಕವಾಡ, 7.3 ಓವರ್, 15 ರನ್, 5 ವಿಕೆಟ್. ಫೈನಲ್‌ನಲ್ಲಿ ಇಂಗ್ಲೆಂಡಿನ ಮೊದಲ ಜೋಡಿ 47ರಲ್ಲಿ ಮುರಿದಾಗ ವಿನ್‌ಫೀಲ್ಡ್‌ರನ್ನು ಬೌಲ್ಡ್ ಮಾಡಿದ್ದೂ ಅವರೇ.

ಅಭ್ಯಾಸಕ್ಕೆ ಇನ್ನೊಂದು ಕಾರ್ಡ್ ಹೇಳಿ ನಿಲ್ಲಿಸುತ್ತೇನೆ: 2010ರ ಜನವರಿ, ಮೈಸೂರಿನ ಗಂಗೋತ್ರಿ ಗ್ಲೇಡ್ಸ್, ರಣಜಿ ಫೈನಲ್. ಮುಂಬೈ ಕೊಟ್ಟ ಗುರಿ 338, ಕರ್ನಾಟಕ 331ಕ್ಕೆ ಆಲೌಟ್, ಸೋಲು 6 ರನ್‌ನಿಂದ. ಮನೀಷ್ ಪಾಂಡೆ 144, ಗಣೇಶ್ ಸತೀಶ್ 75, ಆ ಕಡೆ ಅಗರ್ಕರ್ ಐದು ವಿಕೆಟ್. ಮೊದಲ ಇನಿಂಗ್ಸ್‌ನಲ್ಲಿ ನಮ್ಮದು 130 ಎನ್ನುವುದನ್ನು ಮರೆಯದೆ ಎದುರಿಗಿಟ್ಟುಕೊಳ್ಳಿ. ಫಾಲ್ ಆಫ್ ವಿಕೆಟ್ಸ್ ಸಾಲು ತೆಗೆದು ಎಲ್ಲಿ ಮುರಿಯಿತು ಎಂದು ಗುರುತು ಹಾಕಿ ಕಳಿಸಿ. ಕೊನೆಯ ವಿಕೆಟ್‌ನಿಂದ ಶುರು ಮಾಡಿದ ಉತ್ತರಗಳನ್ನು ಮಾತ್ರ ಓದುವುದಿಲ್ಲ.